ಜೌಗಿನವರ ದೋಣಿ

ದೋಣಿಯವನು ಈಟಿ ಎತ್ತಿದಾಗ ಅವಳಿಗೆ ಮೊದಲು ನಗು ಬಂತು. ಕಂಪ್ಯೂಟರಿಗೇ ಏನೋ ಆಗಿರಬೇಕು ಅಂದುಕೊಂಡಳು. ದಿನಾ ಸಂಜೆ ಕೈಹಿಡಿದು ದೋಣಿ ಹತ್ತಿಸಿಕೊಳ್ಳುತ್ತಿದ್ದ ಮುದುಕ ಅವನು. ತಲೆಯ ಮೇಲೆ ಅದೇ ಹುಲ್ಲಿನ ಟೋಪಿ, ಮುಖದಲ್ಲಿ ಅದೇ ಒಂಟಿ ಕಣ್ಣು. ಈಟಿ ಬಂದು ಎದೆಗೆ ನಾಟಿತು, ಪರದೆ ಕೆಂಪಾಯಿತು. ದಂಡೆಯ ಜೊಂಡಿನ ಮರೆಯಿಂದ ಇನ್ನೂ ಮೂರ್ನಾಲ್ಕು ಜನ ಓಡಿ ಬಂದರು. ಅವಳು ಕೈ ಎತ್ತಲೂ ಇಲ್ಲ. ಬಿದ್ದ ಮೇಲೆ ಪರದೆಯ ಮೂಲೆಯಲ್ಲಿ ನೋಡಿದಳು. ನಿನ್ನೆಯವರೆಗೆ 'ಆಪ್ತ' ಎಂದಿದ್ದ ಕಡೆ ಈಗ 'ಹಗೆ' ಎಂದಿತ್ತು.

ಆಟದ ಕಟ್ಟಳೆ ಸರಳ. ಆ ಲೋಕದಲ್ಲಿ ಹತ್ತಾರು ಪಂಗಡಗಳು, ಪ್ರತಿ ಪಂಗಡಕ್ಕೂ ನಿಮ್ಮ ಬಗ್ಗೆ ಒಂದು ಅಭಿಪ್ರಾಯ: ಹಗೆ, ಗುಮಾನಿ, ಪರಿಚಯ, ಸ್ನೇಹ, ಕೊನೆಗೆ ಆಪ್ತ. ಅವರ ಚಾಕರಿ ಮಾಡಿದರೆ ಮೇಲೇರುತ್ತೀರಿ, ಅವರನ್ನೋ ಅವರ ಕಡೆಯವರನ್ನೋ ಕೊಂದರೆ ಇಳಿಯುತ್ತೀರಿ. ಸತ್ತವರು ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಬರುತ್ತಾರೆ, ಹಗೆ ಮಾತ್ರ ಹಾಗೇ ಉಳಿಯುತ್ತದೆ. ದೋಣಿಯ ಮುದುಕನ ಪಂಗಡವಾದ ಜೌಗಿನವರಿಗೂ ಕೋಟೆಯವರಿಗೂ ಎಣ್ಣೆ ಸೀಗೇಕಾಯಿ. ಇಬ್ಬರಿಗೂ ಬೇಕಾದವರಾಗಿರಲು ಆಟ ಬಿಡುವುದಿಲ್ಲ. ಬೆವರು ಸುರಿಸಿ ಒಬ್ಬರ ವಿಶ್ವಾಸ ಗಳಿಸಬೇಕು, ಇನ್ನೊಬ್ಬರ ಶಾಪ ಹೊತ್ತುಕೊಳ್ಳಬೇಕು.

ಯಾರ ಮರ್ಜಿ ಕಾಯಬೇಕು, ಯಾರನ್ನು ಕಡೆಗಣಿಸಬೇಕು ಎಂಬ ವಿದ್ಯೆಯಲ್ಲಿ ಅವಳ ಮೈದುನ ಪಂಡಿತ. ಟಿಕೆಟ್ ಬುಕಿಂಗ್ ಕಚೇರಿಯಲ್ಲಿ ಅವನ ಕೆಲಸ. ಯಾವ ಗಿರಾಕಿಗೆ ಎದ್ದು ನಿಲ್ಲಬೇಕು, ಯಾರಿಗೆ ಕತ್ತು ಕೂಡ ಎತ್ತಬಾರದು ಎಂಬುದು ಬಾಗಿಲಲ್ಲಿ ಅವರ ಚಪ್ಪಲಿ ನೋಡಿದೊಡನೆ ಅವನಿಗೆ ತಿಳಿಯುತ್ತಿತ್ತು. ಆಟದಲ್ಲಿ ಅವನು ಒಂದು ತಂಡದ ಮುಖಂಡ. ತಂಡದವರು 'ದಳಪತಿ' ಎಂದು ಕರೆಯುತ್ತಿದ್ದರು. ಕೇಳಿ ಕೇಳಿ ಅವನ ತಾಯಿಯೂ ಅದೇ ಹೆಸರು ಹಿಡಿದಿದ್ದಳು. "ನಮ್ಮ ದಳಪತಿಗೆ ಚಹಾ ಕೊಟ್ಯಾ?" ಎಂದು ಅವಳನ್ನು ಕೇಳುವಾಗ ಅತ್ತೆಯ ದನಿಯಲ್ಲಿ ಒಂದು ರಾಜ್ಯವೇ ಇರುತ್ತಿತ್ತು.

ಪಂಗಡಗಳನ್ನು ಅವನು ಎರಡೇ ಭಾಗ ಮಾಡಿದ್ದ, ಲಾಭದವರು ಮತ್ತು ದಂಡ. ಕೋಟೆಯವರು ಲಾಭ. ಆಪ್ತರಾದರೆ ಒಳಗೋಡೆಯ ಬಾಗಿಲು ತೆರೆಯುತ್ತದೆ, ಅದರಾಚೆ ಕಬ್ಬಿಣದ ಗೂಳಿ ಇದೆ, ಗೂಳಿಯನ್ನು ಕೆಡವಿದವರಿಗೆ ಬೇರೆಲ್ಲೂ ಸಿಗದ ಆಯುಧಗಳು. ಜೌಗಿನವರು ಶುದ್ಧ ದಂಡ. ತಿಂಗಳುಗಟ್ಟಲೆ ಜೊಂಡು ಹೊತ್ತು ಅವರ ಒಡ್ಡು ಕಟ್ಟಿಕೊಟ್ಟರೆ ಒಂದು ಹುಲ್ಲಿನ ಟೋಪಿ ಕೊಡುತ್ತಾರೆ. ತಂಡದವರು ಅವರನ್ನು ಕಪ್ಪೆಗಳು ಅನ್ನುತ್ತಿದ್ದರು.

ಅವಳನ್ನು ಆಟಕ್ಕೆ ಎಳೆದವನೂ ಅವನೇ. ತಂಡಕ್ಕೆ ಗಾಯ ಮಾಯಿಸುವವರು ಬೇಕಿತ್ತು, ಯಾರೂ ಆ ಕೆಲಸಕ್ಕೆ ಒಪ್ಪಿರಲಿಲ್ಲ. "ಸುಮ್ನೆ ಹಿಂದೆ ನಿಂತ್ಕೊಂಡು ನಮ್ಮನ್ನ ನೋಡ್ಕೊಂಡ್ರೆ ಸಾಕು ಅತ್ತಿಗೆ, ನಿಮಗೆ ಅಭ್ಯಾಸ ಇದೆಯಲ್ಲ" ಎಂದು ಹಳೆಯ ಕಂಪ್ಯೂಟರನ್ನು ಅಡುಗೆಮನೆಯ ಮೂಲೆಗೆ ಹಾಕಿ, ಖಾತೆ ತೆರೆದು, ಪಾಸ್‌ವರ್ಡ್ ತಾನೇ ಇಟ್ಟುಕೊಟ್ಟ. ತಂಡದವರಿಗೆಲ್ಲ ಅವಳು ಅತ್ತಿಗೆಯೇ ಆದಳು. ಮುಖ ನೋಡದ ಹುಡುಗರು, ಅವಳಿಗಿಂತ ದೊಡ್ಡ ಗಂಡಸರು, ಎಲ್ಲರೂ "ಅತ್ತಿಗೆ, ಸಾಯ್ತಿದೀನಿ" ಎಂದು ಕೂಗುವರು, ಅವಳು ಬದುಕಿಸುವಳು. ಬದುಕಿದ ಮೇಲೆ ಯಾರೂ ಈ ಕಡೆ ತಿರುಗಿ ನೋಡುತ್ತಿರಲಿಲ್ಲ.

ಜೌಗಿಗೆ ಅವಳು ಹೋದದ್ದು ದಾರಿ ತಪ್ಪಿ. ಆಮೇಲೆ ಹೋದದ್ದು ಬೇಕೆಂದೇ. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ದಿನವಿಡೀ ಚೌಕಟ್ಟಿನ ಅಳತೆಗೆ ಗಾಜು ಉಜ್ಜಿ, ಉಗುರಿನ ಸಂದಿಯಲ್ಲಿ ಬಿಳಿ ಪುಡಿ ತುಂಬಿಕೊಂಡು ಮನೆಗೆ ಬಂದರೆ, "ಬಂದ್ಯಾ, ಒಲೆ ಹಚ್ಚು" ಎಂಬುದು ಸ್ವಾಗತ. ಕೆಲಸವೆಲ್ಲ ಮುಗಿಸಿ ಆ ಮೂಲೆಯಲ್ಲಿ ಕೂತು ಜೌಗಿನ ದಂಡೆಗೆ ಹೋದರೆ ಒಂಟಿ ಕಣ್ಣಿನ ಮುದುಕ ಕೈ ಚಾಚಿ, "ಬಾಮ್ಮ, ಈ ಕಡೆ ಕೂತ್ಕೋ, ಆ ಕಡೆ ಒದ್ದೆ ಇದೆ" ಅನ್ನುವನು. ಆಪ್ತರಾದ ಯಾರಿಗಾದರೂ ಅವನು ಅದನ್ನೇ ಅನ್ನುತ್ತಾನೆ, ಎಲ್ಲೋ ಕೂತ ಸಂಬಳದ ಬರಹಗಾರನೊಬ್ಬ ಬರೆದಿಟ್ಟ ಮಾತು ಅದು ಎಂದು ತಿಳಿಯದಷ್ಟು ಪೆದ್ದಿ ಅವಳಲ್ಲ. ಆದರೂ ಆ ಒಣ ಹಲಗೆ ಅವಳದಾಗಿತ್ತು. ದುಡಿದು ಗಳಿಸಿದ್ದು, ಯಾರ ಮುಲಾಜಿನದೂ ಅಲ್ಲ.

ಕುರ್ಚಿ ಹಿಂದಕ್ಕೆ ತಳ್ಳಿ ನಡುಮನೆಗೆ ಬಂದಳು. ಮೈದುನ ಸೋಫಾದ ಮೇಲೆ ಕಾಲು ಚಾಚಿಕೊಂಡು ಫೋನ್ ನೋಡುತ್ತಿದ್ದ. ಗಂಡ ನೆಲದ ಮೇಲೆ ಹಳೆಯ ಫ್ಯಾನು ಬಿಚ್ಚಿಕೊಂಡು ಕೂತಿದ್ದ. ಕಟ್ಟಡಗಳ ಲಿಫ್ಟ್ ರಿಪೇರಿ ಅವನ ಕೆಲಸ, ರಜೆಯ ದಿನವೂ ಕೈಯಲ್ಲಿ ಸ್ಕ್ರೂಡ್ರೈವರ್ ಇರದಿದ್ದರೆ ಅವನಿಗೆ ಉಸಿರಾಡುವುದು ಹೇಗೆಂದು ಗೊತ್ತಾಗುತ್ತಿರಲಿಲ್ಲ.

"ನನ್ನ ಆಟದೊಳಗೆ ನೀನು ಹೋಗಿದ್ಯಾ?"

"ಓ, ನೋಡಿದ್ರಾ!" ಮೈದುನ ಎದ್ದು ಕೂತ. ಮುಖದಲ್ಲಿ ಉಡುಗೊರೆ ಕೊಟ್ಟವನ ನಗು. "ಇವತ್ತು ರಜೆ ಹಾಕಿ, ನೀವು ಅಂಗಡಿಗೆ ಹೋದಾಗ ಕೂತು ಮಾಡಿದ್ದು. ಕೋಟೆಯವರಿಗೆ ನೀವೀಗ ಆಪ್ತರು. ಬಾಗಿಲು ತೆರೆಯೋಕೆ ನಮ್ಮಲ್ಲಿ ಒಬ್ಬ ಮಾಯಿಸೋರು ಆಪ್ತರಾಗಿರಲೇಬೇಕಿತ್ತು. ಭಾನುವಾರ ಗೂಳಿಗೆ ಹೋಗೋದೇ."

"ಜೌಗಿನವರನ್ನ ಕೊಂದ್ಯಾ?"

"ಮತ್ತೆ? ಕೋಟೆಯವರು ಕೇಳೋದೇ ಕಪ್ಪೆ ತಲೆ. ಬೇಗ ಬೇಗ ಆಗ್ಲಿ ಅಂತ ಆ ಊರಿಗೇ ನುಗ್ಗಿದೆ. ನೀವು ಆಪ್ತರು ನೋಡಿ, ಹತ್ತಿರ ಹೋಗೋವರೆಗೂ ಯಾರೂ ಕದಲಲಿಲ್ಲ. ಆ ದೋಣಿಯವನಂತೂ 'ಬಾಮ್ಮ ಕೂತ್ಕೋ' ಅಂದ. ಮೊದಲು ಅವನನ್ನೇ ಮುಗಿಸಿದೆ."

ಅವನು ಜೋರಾಗಿ ನಕ್ಕ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎದುರಿಗಿದ್ದ ಸ್ಟೂಲನ್ನು ಎತ್ತಿ ಆ ನಗುವಿನ ಮೇಲೆ ಹಾಕಬೇಕು ಅನ್ನಿಸಿತು.

"ನನ್ನ ಕೇಳಬೇಕು ಅನ್ನಿಸಲಿಲ್ವಾ ನಿನಗೆ?"

"ಕೇಳಿದ್ರೆ ಬೇಡ ಅಂತಿದ್ರಿ. ಅತ್ತಿಗೆ, ನಿಮಗೆ ಗೊತ್ತಾಗಲ್ಲ. ಯಾರ ಹತ್ರ ಒಳ್ಳೆಯವರಾಗಿದ್ರೆ ಏನು ಸಿಗುತ್ತೆ ಅಂತ ನೋಡ್ಬೇಕು. ಸುಮ್ ಸುಮ್ನೆ ಒಳ್ಳೆಯವರಾಗಿ ಏನು ಮಾಡ್ತೀರಿ?"

ಗಂಡ ತಲೆ ಎತ್ತದೆಯೇ, "ಹೋಗ್ಲಿ ಬಿಡು, ಆಟ ತಾನೇ" ಅಂದ. ಅತ್ತೆ ಒಳಕೋಣೆಯಿಂದ, "ಏನಂತೆ ಅವಳದು?" ಅಂದಳು. ಏನೂ ಇಲ್ಲಮ್ಮ ಎಂದು ಇಬ್ಬರು ಗಂಡು ಮಕ್ಕಳೂ ಒಟ್ಟಿಗೇ ಹೇಳಿದರು.

ಆ ವಾರ ಅಂಗಡಿಯ ಉಜ್ಜುಗಲ್ಲಿನ ಮುಂದೆ ಅವಳು ಬೇರೆ ಲೆಕ್ಕವನ್ನೇ ಹಾಕಿದಳು. ಅತ್ತೆಯ ಕನ್ನಡಕ ಅವಳೇ ಮಾಡಿದ್ದು. ಕಿವಿಯ ಹಿಂದೆ ಒತ್ತದ ಹಾಗೆ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿ, ಎರಡು ಸಲ ಗಾಜು ಬದಲಿಸಿ, ಕೊನೆಗೆ ಸರಿಹೊಂದಿಸಿದ್ದು. ಬಂದವರ ಮುಂದೆಲ್ಲ ಅತ್ತೆ ಮೂಗಿನಿಂದ ಅದನ್ನು ತೆಗೆದು ತೋರಿಸಿ, "ನಮ್ಮ ದಳಪತಿ ಕೊಡಿಸಿದ್ದು" ಅನ್ನುತ್ತಿದ್ದಳು. ಮೊದಮೊದಲು ಬೇಸರವಾಗುತ್ತಿತ್ತು, ಆಮೇಲೆ ಆ ಬೇಸರವೂ ಸವೆದಿತ್ತು. ಆ ಮನೆಯಲ್ಲಿ ಅವಳು ಹೊತ್ತ ಜೊಂಡಿಗೆ ಲೆಕ್ಕವಿರಲಿಲ್ಲ. ಗುಮಾನಿಯ ಮೆಟ್ಟಿಲಿನಿಂದ ಯಾರೂ ಅವಳನ್ನು ಮೇಲೆ ಕರೆದಿರಲಿಲ್ಲ. ಕಪ್ಪೆಗಳಾದರೂ ಕರೆದಿದ್ದವು. ಊಟದ ಬಿಡುವಿನಲ್ಲಿ ಫೋನ್ ತೆಗೆದು ಆಟದ ಪಾಸ್‌ವರ್ಡ್ ಬದಲಿಸಿದಳು. ಇಷ್ಟು ದಿನ ಯಾಕೆ ಬದಲಿಸಲಿಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು. ಮನೆಯವರಿಂದ ಮುಚ್ಚಿಡುವುದು ಏನಿದೆ ಅಂದುಕೊಂಡಿದ್ದಳು, ಅಷ್ಟೇ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ತಂಡ ಕೋಟೆಯ ಮುಂದೆ ಸೇರಿತು. ಅವಳು ಬರುತ್ತಾಳೋ ಇಲ್ಲವೋ ಎಂಬ ಅನುಮಾನ ಯಾರಿಗೂ ಇರಲಿಲ್ಲ. ಪಾತ್ರೆ ತೊಳೆದಿಟ್ಟು ಬಂದಳು, ಕಿವಿಗೆ ಹೆಡ್‌ಫೋನ್ ಏರಿಸಿದಳು. ಕಾವಲುಗಾರರು ಅವಳನ್ನು ಕಂಡು ತಲೆಬಾಗಿ ಬಾಗಿಲು ತೆರೆದರು. ಅವಳು ಅವರ ಕಡೆ ನೋಡದೆ ಒಳಗೆ ನಡೆದಳು.

ಗೂಳಿ ಎದ್ದು ನಿಂತಿತು. ನಡುಮನೆಯಲ್ಲಿ ಕೂತ ಮೈದುನ ಗುರಾಣಿ ಹಿಡಿದು ಮುಂದೆ ನಿಂತ. ಪೆಟ್ಟೆಲ್ಲ ಅವನ ಮೇಲೆ ಬೀಳಬೇಕು, ಅವನನ್ನು ಅವಳು ಬದುಕಿಸುತ್ತಿರಬೇಕು, ಉಳಿದವರು ಹೊಡೆಯಬೇಕು. ಅದೇ ಪಾಠ. ಬಹಳ ಹೊತ್ತು ಎಲ್ಲವೂ ಪಾಠದ ಹಾಗೆಯೇ ನಡೆಯಿತು. ಗೂಳಿಯ ಜೀವ ಕಾಲು ಭಾಗಕ್ಕೆ ಇಳಿದಾಗ ತಂಡದವರಿಗೆ ಉತ್ಸಾಹ ಉಕ್ಕಿತು.

"ಅತ್ತಿಗೆ ಇವತ್ತು ಸೂಪರ್!" ಎಂದು ಯಾರೋ ಕೂಗಿದರು.

"ಅತ್ತಿಗೆದೇನಿದೆ, ಕೋಟೆಯವರ ವಿಶ್ವಾಸ ಗಳಿಸಿಕೊಟ್ಟಿದ್ದು ನಾನು" ಎಂದ ದಳಪತಿ. ಅವನ ದನಿ ಹೆಡ್‌ಫೋನಿನಲ್ಲೂ ಗೋಡೆಯಾಚೆಯಿಂದಲೂ ಒಟ್ಟಿಗೇ ಕೇಳಿತು. "ಇಲ್ದಿದ್ರೆ ಇವರು ಇನ್ನೂ ಕಪ್ಪೆಗಳ ಊರಲ್ಲಿ ಹುಲ್ಲು ಹೊರ್ತಿದ್ರು. ಆ ಮುದುಕನ್ನ ಕೊಂದಿದ್ದಕ್ಕೆ ಮುಖ ಊದಿಸ್ಕೊಂಡಿದ್ರು ಗೊತ್ತಾ, ಮಾವ ಸತ್ತ ಹಾಗೆ!"

ಹೆಡ್‌ಫೋನಿನಲ್ಲಿ ಒಂದು ಡಜನ್ ಗಂಡಸರ ನಗು ತುಂಬಿಕೊಂಡಿತು.

ಅವಳು ಮೌಸಿನ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಉಗುರಿನ ಸಂದಿಯಲ್ಲಿ ಗಾಜಿನ ಪುಡಿ ಇನ್ನೂ ಇತ್ತು.

"ಅತ್ತಿಗೆ, ನನ್ನ ನೋಡಿ."

ಗೂಳಿ ಅವನನ್ನು ಕೊಂಬಿನಿಂದ ಎತ್ತಿ ಒಗೆಯಿತು.

"ಅತ್ತಿಗೆ! ಅತ್ತಿಗೆ, ಏನ್ಮಾಡ್ತಿದೀರಿ? ಜೀವ ಕೊಡಿ!"

ಈಗ ಗೋಡೆಯಾಚೆಯ ದನಿಯೇ ದೊಡ್ಡದಾಗಿತ್ತು. ಅವನ ಜೀವದ ಗೆರೆ ಇಳಿಯುವುದನ್ನು ಅವಳು ಗಾಜಿನ ಅಂಚು ನೋಡುವಷ್ಟು ಶ್ರದ್ಧೆಯಿಂದ ನೋಡಿದಳು. ಅವನು ಬಿದ್ದ. ಅವನ ಹಿಂದಿದ್ದವರು ಒಬ್ಬೊಬ್ಬರಾಗಿ ಬಿದ್ದರು. ಕೊನೆಗೆ ಗೂಳಿ ಅವಳ ಕಡೆಗೂ ತಿರುಗಿತು, ಅವಳೂ ಬಿದ್ದಳು. ಅವಳಿಗೆ ಖುಷಿಯಾಯಿತು. ಸಣ್ಣತನದ ಖುಷಿ ಎಂದು ಅವಳಿಗೂ ಗೊತ್ತಿತ್ತು, ಆದರೂ ಬಹಳ ದಿನದ ಮೇಲೆ ಹೊಟ್ಟೆ ತುಂಬ ಸಿಕ್ಕ ಖುಷಿ ಅದು.

ಮೈದುನ ಕುತ್ತಿಗೆಯಲ್ಲಿ ಹೆಡ್‌ಫೋನ್ ನೇತಾಡಿಸಿಕೊಂಡೇ ಅಡುಗೆಮನೆಗೆ ನುಗ್ಗಿದ.

"ತಲೆ ನೆಟ್ಟಗಿದೆಯಾ ನಿಮಗೆ? ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದ್ರಿ! ಮೂರು ತಿಂಗಳಿಂದ ಕಾಯ್ತಿದ್ರು ಅವರೆಲ್ಲ!"

"ಕೂಗಬೇಡ. ಕಿವಿ ಕೇಳಿಸುತ್ತೆ ನನಗೆ."

"ನಾನು ಕಲಿಸಿಕೊಟ್ಟ ಆಟ ಅದು. ಪಾಸ್‌ವರ್ಡ್ ಬೇರೆ ಬದಲಿಸಿದೀರಿ. ಕೊಡಿ, ಇವತ್ತೇ ಖಾತೆ ಅಳಿಸಿ ಬಿಸಾಕ್ತೀನಿ."

"ಕೊಡಲ್ಲ."

ಗಂಡ ಬಾಗಿಲಲ್ಲಿ ಬಂದು ನಿಂತ. ಅತ್ತೆಯೂ ಅವನ ಹಿಂದೆ ಇಣುಕಿದಳು. "ಏನೇ ಇದು, ಮಗು ಥರ" ಎಂದು ಗಂಡ ಅವಳಿಗೇ ಹೇಳಿದ. "ಒಂದು ಆಟಕ್ಕೆ ಇಷ್ಟು ರಂಪ ಬೇಕಾ?"

"ಹೌದ್ರೀ, ಆಟನೇ. ಅವತ್ತು ನೀವೇ ಹೇಳಿದ್ರಿ" ಎಂದಳು ಅವಳು. "ಹಾಗಿದ್ರೆ ಇವನು ಯಾಕೆ ಕೂಗಾಡ್ತಿದ್ದಾನೆ ಅಂತ ಕೇಳಿ. ನನ್ನ ಕೇಳಬೇಡಿ, ಅವನನ್ನ ಕೇಳಿ."

ಗಂಡ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ತಿರುಗಿಸಿ ತಿರುಗಿಸಿ ನೋಡಿದ, ಫ್ಯಾನಿನ ಹತ್ತಿರ ಹೋಗಿ ಕೂತ. ಮೈದುನ ಬಾಗಿಲು ಬಡಿದುಕೊಂಡು ಹೊರಗೆ ಹೋದ. ತಂಡದಿಂದ ಅವಳ ಹೆಸರು ತೆಗೆದದ್ದು ಆಮೇಲೆ ಪರದೆಯ ಮೇಲೆ ಬಂತು. ಇಷ್ಟು ದಿನ ಅತ್ತಿಗೆ ಅತ್ತಿಗೆ ಎಂದವರಲ್ಲಿ ಒಬ್ಬನೂ ಏನಾಯಿತೆಂದು ಕೇಳಲಿಲ್ಲ.

ಮರುದಿನ ಅವಳು ಅಂಗಡಿಗೆ ಹೊರಟಾಗ ಅತ್ತೆ ಕನ್ನಡಕ ಚಾಚಿದಳು. "ಜಾರಿ ಜಾರಿ ಬೀಳ್ತಿದೆ. ಸಂಜೆ ಬರೋವಾಗ ಸರಿ ಮಾಡಿಕೊಂಡು ಬಾ. ಮತ್ತೆ ಅವನ ಹತ್ರ ಎರಡು ಒಳ್ಳೆ ಮಾತಾಡು, ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ ಹುಡುಗ."

ಹಿಂದಾದರೆ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಅವಳು ಚಪ್ಪಲಿಯ ಪಟ್ಟಿ ಬಿಗಿದುಕೊಂಡು ಎದ್ದಳು.

"ಅಂಗಡಿ ಏಳು ಗಂಟೆವರೆಗೂ ತೆಗೆದಿರುತ್ತೆ ಅತ್ತೆ. ನೀವೇ ಬನ್ನಿ. ಮುಂದೆ ಬೆಂಚು ಇದೆ, ನಿಮ್ಮ ಸರದಿ ಬಂದಾಗ ಕರೀತಾರೆ."

"ನಾನು ಬಂದು ಕಾಯಬೇಕಾ?"

"ಎಲ್ಲರೂ ಕಾಯ್ತಾರೆ. ಇಲ್ಲಾಂದ್ರೆ ಕೊಡಿಸಿದವನ ಕೈಲಿ ಕಳಿಸಿ."

ಅತ್ತೆಯ ಕೈ ಚಾಚಿದ್ದು ಚಾಚಿದಂತೆಯೇ ಉಳಿಯಿತು. ಬೀದಿಯ ತಿರುವಿನವರೆಗೂ ಅವಳು ಹಿಂದೆ ತಿರುಗಿ ನೋಡಲಿಲ್ಲ.

ಹಗೆಯಾದವರಿಗೆ ಜೌಗಿನವರು ಯಾವ ಕೆಲಸವನ್ನೂ ಒಪ್ಪಿಸುವುದಿಲ್ಲ. ಮಾತೇ ಆಡಿಸುವುದಿಲ್ಲ. ಇರುವುದು ಒಂದೇ ದಾರಿ. ಊರಿನ ಹೊರಗೆ, ಈಟಿ ಮುಟ್ಟದಷ್ಟು ದೂರದಲ್ಲಿ, ಒಡ್ಡಿನ ಮುರಿದ ಕಂಬವೊಂದಿದೆ. ಅದರ ಬುಡದಲ್ಲಿ ಜೊಂಡಿನ ಹೊರೆ ಇಟ್ಟು ಬರಬಹುದು. ಒಂದು ಹೊರೆಗೆ ಹಗೆ ಕೂದಲೆಳೆಯಷ್ಟು ಕರಗುತ್ತದೆ. ಇದು ಯಾರೂ ಮಾಡದ ಕೆಲಸ, ಶುದ್ಧ ದಂಡ ಎಂದು ಮೈದುನ ಒಮ್ಮೆ ತಂಡದವರಿಗೆ ವಿವರಿಸಿದ್ದನ್ನು ಅವಳು ಕೇಳಿದ್ದಳು.

ಆ ಸಂಜೆ ಅವಳು ಕೋಟೆಯವರು ಕೊಟ್ಟ ಬೆಳ್ಳಿಯ ಅಂಗಿ ಬಿಚ್ಚಿ ಹಾಕಿ, ಹೊರೆ ಕಟ್ಟಿಕೊಂಡು ಹೋದಳು. ನಡುಮನೆಯಲ್ಲಿ ಯಾರೋ ಚಹಾ ಎಂದು ಕೂಗಿದರು. ಇನ್ನೊಂದು ಸಲ ಕೂಗಿದರು. ಸ್ವಲ್ಪ ಹೊತ್ತಿನ ಮೇಲೆ ಗಂಡ ತಾನೇ ಒಳಗೆ ಬಂದು, ಅವಳ ಬೆನ್ನ ಹಿಂದೆ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಮೂಸಿ ನೋಡತೊಡಗಿದ.

ಮುದುಕ ದೂರದಿಂದಲೇ ಅವಳನ್ನು ಕಂಡು ಈಟಿ ಎಸೆದ. ಅದು ಅವಳನ್ನು ಮುಟ್ಟುವ ಮೊದಲೇ ಕೆಸರಿನಲ್ಲಿ ಬಿತ್ತು. ಅವಳು ಕಂಬದ ಬುಡದಲ್ಲಿ ಹೊರೆ ಇಳಿಸಿ ಹಿಂದಕ್ಕೆ ಸರಿದು ನಿಂತಳು. ದೋಣಿಯಲ್ಲಿ ಆ ಒಣ ಹಲಗೆ ಖಾಲಿಯಾಗಿ ಕಾಣುತ್ತಿತ್ತು. ಮುದುಕ ಇನ್ನೊಂದು ಈಟಿ ಕೈಗೆತ್ತಿಕೊಂಡು ಅವಳನ್ನೇ ನೋಡುತ್ತ ನಿಂತ. ಅವಳು ತಿರುಗಿ, ಇನ್ನೊಂದು ಹೊರೆ ತರಲು ಜೊಂಡಿನೊಳಗೆ ಇಳಿದಳು.