ಒಳಗಿದ್ದಳೋ, ಹೊರಗಿದ್ದಳೋ

ಜಲಜಾಕ್ಷಿಯ ಬಲಗೈಗೆ ಪೆಟ್ಟಾದದ್ದು ಹೇಗೆಂದು ಬಲ್ಲವರು ಇಬ್ಬರೇ: ಅವಳು, ಮತ್ತು ಕಾರು ನಡೆಸುತ್ತಿದ್ದ ಆಂಬ್ರೋಸ್ ಪಿಂಟೊ. ಮಣ್ಣಗುಡ್ಡದಲ್ಲಿ ಅವರಿಬ್ಬರ ಮನೆಗಳ ನಡುವೆ ಇದ್ದದ್ದು ಒಂದೇ ಪಾಗಾರ. ವಾಮಂಜೂರಿಗೆ ಹೊರಟಿದ್ದ ಆಂಬ್ರೋಸ್, ಬಿಕರ್ನಕಟ್ಟೆಯ ಚಿಕ್ಕಮ್ಮನ ಮನೆಗೆ ಹೋಗಬೇಕಾಗಿದ್ದ ಅವಳನ್ನು ತಮ್ಮ ಹಳೆಯ ಲ್ಯಾಂಡ್‌ಮಾಸ್ಟರ್ ಕಾರಿನಲ್ಲಿ ಕೂರಿಸಿಕೊಂಡರು. ಬಿಕರ್ನಕಟ್ಟೆಯಲ್ಲಿ ಅವಳು ಇಳಿದಳು. ಎದುರಿಗೆ ಲಾರಿಯೊಂದು ಕೆಟ್ಟು ನಿಂತಿತ್ತು. ಅವರು ಹಿಂದೆ ನೋಡದೆ ಕಾರನ್ನು ಹಿಂದಕ್ಕೆ ಬಿಟ್ಟರು. ಕಾರು ತಾಗಿ ಅವಳು ಬಿದ್ದಳು, ಚಕ್ರ ಅಂಗೈಯ ಮೇಲೆ ಹರಿಯಿತು.

ಆಸ್ಪತ್ರೆಯ ದಾರಿಯಲ್ಲಿ, ಕೈಗೆ ಸೆರಗು ಸುತ್ತಿಕೊಂಡು ಕುಳಿತಿದ್ದ ಅವಳೇ ಆಂಬ್ರೋಸರೊಡನೆ ಮಾತು ತೆಗೆದಳು.

"ಪೊರ್ಬುಗಳೇ, ನಾನು ಕಾರಿನ ಒಳಗೇ ಇದ್ದೆ, ಬಾಗಿಲಿಗೆ ಕೈ ಸಿಕ್ಕಿತು ಅಂತ ಹೇಳುವ. ಮನುಷ್ಯರ ಮೇಲೆ ಕಾರು ಹಾಯಿಸಿದರು ಅಂತ ಪೊಲೀಸರು ಬಂದರೆ ಅಪೊಲೋನಿಯಾಳ ಸಂಬಂಧ ನಿಲ್ತದಾ?"

ಅಪೊಲೋನಿಯಾ ಆಂಬ್ರೋಸರ ಮಗಳು. ಜಲಜಾಕ್ಷಿಯ ಜೊತೆಗೇ ಬೆಳೆದವಳು. ಅವಳ ಮದುವೆ ಆಗಷ್ಟೇ ನಿಶ್ಚಯವಾಗಿತ್ತು.

"ನೀನು ಈಗ ಸುಮ್ಮನಿರು ಮಗಾ."

"ನಮ್ಮ ಮನೆಯ ದೈವ ಪಂಜುರ್ಲಿಯ ಆಣೆ, ನನ್ನ ಬಾಯಿಂದ ಬೇರೆ ಮಾತು ಬರುವುದಿಲ್ಲ."

ಆಂಬ್ರೋಸ್ ಬೇಡವೆನ್ನಲಿಲ್ಲ. ಆಸ್ಪತ್ರೆಯಲ್ಲಿಯೂ, ಇನ್ಶೂರೆನ್ಸ್ ಕಂಪೆನಿಗೆ ಬರೆದ ವರದಿಯಲ್ಲಿಯೂ ಅದನ್ನೇ ಹೇಳಿದರು. ಇಬ್ಬರಿಗೂ ಅದು ಉಪಕಾರವೆಂದೇ ತೋರಿತ್ತು.

ಗಾಯ ಮಾಯಿತು, ಬೆರಳುಗಳು ಮಡಚಲಿಲ್ಲ. ಹೆಂಚಿನ ಕಾರ್ಖಾನೆಯ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ಅವಳನ್ನು ಕೆಲಸದಿಂದ ಬಿಡಿಸಿದರು. ತಾಯಿ ಗುಣವತಿಗೆ ಆ ಸಂಬಳದ ಹೊರತು ಬೇರೆ ಆಧಾರವಿರಲಿಲ್ಲ. ಜಲಜಾಕ್ಷಿಯ ಸೋದರಮಾವನ ಮಗ, ವಕೀಲ ಚಿತ್ತರಂಜನ, ಪರಿಹಾರಕ್ಕೆ ಅರ್ಜಿ ಹಾಕಿದ. ಗಾಯಾಳು ಕಾರಿನ ಒಳಗಿದ್ದುದರಿಂದ ತಾನು ಹೊಣೆಯಲ್ಲವೆಂದು ಕಂಪೆನಿ ಉತ್ತರಿಸಿತು.

ವಿಚಾರಣೆಯ ಮುನ್ನಾದಿನ ಸಂಜೆ ಚಿತ್ತರಂಜನ ಆಂಬ್ರೋಸರ ಮನೆಗೆ ಬಂದ.

"ನೀವು ತೆಗೆದದ್ದು ಯಾವ ನಮೂನೆಯ ಇನ್ಶೂರೆನ್ಸ್?"

"ಚಿಕ್ಕದು ಮಾರಾಯ. ಏಜೆಂಟ್ ಎರಡು ಉಂಟು ಅಂದ. ಈ ಹಳೇ ಡಬ್ಬಕ್ಕೆ ದೊಡ್ಡದು ಎಂತಕ್ಕೆ? ಚಿಕ್ಕದರಲ್ಲಿ ಎಂತ ಸಿಗ್ತದೆ?"

"ನಿಮಗೆ ಏನೂ ಇಲ್ಲ. ಕಾರು ಪುಡಿಯಾದರೂ ಇಲ್ಲ. ಆದರೆ ರಸ್ತೆಯಲ್ಲಿ ಇರುವವರಿಗೆ ನಿಮ್ಮ ತಪ್ಪಿನಿಂದ ಪೆಟ್ಟಾದರೆ ಕಂಪೆನಿ ಕೊಡಲೇಬೇಕು. ಅದಕ್ಕಾಗಿಯೇ ಅದು ಇರುವುದು. ಅದಿಲ್ಲದೆ ಕಾರು ರಸ್ತೆಗೆ ಇಳಿಸುವ ಹಾಗಿಲ್ಲ. ಒಳಗೆ ಕುಳಿತವರಿಗೂ ಸಿಗಬೇಕಾದರೆ ಹೆಚ್ಚು ಕಟ್ಟಿ ಬೇರೆಯದನ್ನು ತೆಗೆಯಬೇಕಿತ್ತು."

ಕಾಫಿ ತಂದ ಆಂಬ್ರೋಸರ ಹೆಂಡತಿ ಫ್ಲಾವಿಯಾ ನಡುವೆ ಬಾಯಿ ಹಾಕಿದರು. "ಗುರ್ತ ಇಲ್ಲದವನಿಗೆ ಸಿಗ್ತದೆ, ನಾವು ಪ್ರೀತಿಯಲ್ಲಿ ಕೂರಿಸಿಕೊಂಡವಳಿಗೆ ಇಲ್ಲ. ಭಾರಿ ಚಂದದ ಕಾನೂನು!"

ಚಿತ್ತರಂಜನ ನಗಲಿಲ್ಲ. "ಬಾಯಮ್ಮ, ಡಾಕ್ಟರರು ಅವಳ ಅಂಗೈಯಿಂದ ಜಲ್ಲಿಯ ಚೂರು ತೆಗೆದಿದ್ದಾರೆ. ಕಾರಿನ ಬಾಗಿಲಲ್ಲಿ ಜಲ್ಲಿ ಉಂಟಾ?"

ಫ್ಲಾವಿಯಾ ಗಂಡನ ಮುಖ ನೋಡಿದರು. ಪೆಟ್ಟು ಹೇಗಾಯಿತೆಂದು ಗಂಡ ಆಕೆಗೂ ನಿಜ ಹೇಳಿರಲಿಲ್ಲ.

"ಜಲಜಳನ್ನೇ ಕೇಳು," ಎಂದರು ಆಂಬ್ರೋಸ್.

"ಕೇಳಿದೆ. ಆಣೆ ಉಂಟು ಅಂತಾಳೆ, ಮುಂದೆ ಬಾಯಿ ಬಿಡುವುದಿಲ್ಲ. ಒಳಗಿದ್ದಳು ಅಂತಾದರೆ ಪರಿಹಾರ ಕೇಳಬೇಕಾದದ್ದು ನಿಮ್ಮೊಬ್ಬರ ಹತ್ತಿರ. ಪೊರ್ಬುಗಳ ಮನೆ ಮಾರಿಸಿ ನನಗೆ ಏನೂ ಬೇಡ ಅಂತಾಳೆ. ನಾಳೆ ನಿಮ್ಮನ್ನು ಸಾಕ್ಷಿಗೆ ಕರೆಯುತ್ತೇನೆ. ಹೊರಗಿದ್ದಳು ಅಂದರೆ ಪೊಲೀಸ್ ಕೇಸು ಬರಬಹುದು. ಅದನ್ನು ನಾನು ಮುಚ್ಚಿಡುವುದಿಲ್ಲ."

ಅವನು ಕಾಫಿ ಮುಟ್ಟದೆ ಹೋದ.

"ಆದಿತ್ಯವಾರ ಇಗರ್ಜಿಯಲ್ಲಿ ಮಗಳ ಹೆಸರು ಓದಲಿಕ್ಕುಂಟು," ಎಂದರು ಫ್ಲಾವಿಯಾ. "ಮದುವೆಗೆ ಅಡ್ಡಿ ಉಂಟಾ ಅಂತ ಊರಿಗೆಲ್ಲ ಕೇಳುವ ಹೊತ್ತಿಗೆ ನೀವೇ ಅಡ್ಡಿ ತರ್ತೀರಾ? ನಾಳೆ ಒಂದು ದಿನ ಬಾಯಿ ಮುಚ್ಚಿಕೊಳ್ಳಿ."

ಚಿತ್ತರಂಜನ ಮುಟ್ಟದ ಕಾಫಿಯನ್ನು ಆಂಬ್ರೋಸ್ ಒಳಗೆ ಒಯ್ದಿಟ್ಟರು.

ಮರುದಿನ ಮೊದಲು ಜಲಜಾಕ್ಷಿಯನ್ನು ಕಟಕಟೆಗೆ ಕರೆದರು. ಕಂಪೆನಿಯ ವಕೀಲ ಮೋಹನದಾಸ್ ಎದ್ದು ನಿಂತರು.

"ಪೆಟ್ಟಾಗುವಾಗ ನೀವು ಕಾರಿನ ಒಳಗೆ ಇದ್ದಿರಿ. ಹೌದಾ?"

ಅವಳು ತಲೆ ತಗ್ಗಿಸಿದಳು.

"ಉತ್ತರ ಹೇಳಮ್ಮ," ಎಂದರು ನ್ಯಾಯಾಧೀಶರು.

"ಸ್ವಾಮಿ, ಮನೆಯ ದೈವದ ಆಣೆ ಹಾಕಿ ಒಂದು ಮಾತು ಕೊಟ್ಟಿದ್ದೇನೆ. ಇಲ್ಲಿ ಸತ್ಯ ಹೇಳ್ತೇನೆ ಅಂತಲೂ ಪ್ರಮಾಣ ಮಾಡಿದೆ. ಎರಡೂ ಒಟ್ಟಿಗೆ ನನ್ನಿಂದ ಆಗುವುದಿಲ್ಲ."

"ಸಾಕ್ಷಿ ಉತ್ತರಿಸಲಿಲ್ಲವೆಂದು ದಾಖಲಾಗಲಿ," ಎಂದು ಮೋಹನದಾಸ್ ಕುಳಿತರು. ಇನ್ನು ಕೇಳುವುದು ಅವರಿಗೆ ಏನೂ ಉಳಿದಿರಲಿಲ್ಲ. ಕೆಳಗಿಳಿದ ಜಲಜಾಕ್ಷಿ ಆಂಬ್ರೋಸರ ಕಡೆ ನೋಡದೆಯೇ ಹೊರಗೆ ನಡೆದಳು.

ಆಂಬ್ರೋಸ್ ಬೈಬಲಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದರು. ಚಿತ್ತರಂಜನ ಒಂದೇ ಪ್ರಶ್ನೆ ಕೇಳಿದ.

"ಪೆಟ್ಟಾಗುವಾಗ ಅವಳು ಎಲ್ಲಿದ್ದಳು?"

ಆಂಬ್ರೋಸ್ ಕಟಕಟೆಯ ಅಡ್ಡಮರವನ್ನು ಹಿಡಿದುಕೊಂಡರು. ಪ್ರಶ್ನೆಯನ್ನು ಎರಡನೆಯ ಸಲ ಕೇಳಬೇಕಾಯಿತು.

"ರಸ್ತೆಯಲ್ಲಿ. ಇಳಿದಾಗಿತ್ತು. ನಾನು ಹಿಂದೆ ನೋಡದೆ ಕಾರು ಬಿಟ್ಟೆ."

ಮೋಹನದಾಸ್ ಥಟ್ಟನೆ ಎದ್ದರು. "ಒಳಗಿದ್ದಳು ಎಂದು ಕಂಪೆನಿಗೆ ಬರೆದ ವರದಿಯ ಸಹಿ ಯಾರದ್ದು?"

"ನನ್ನದೇ. ಬರೆದದ್ದು ಸುಳ್ಳು."

"ನೆರೆಮನೆಯವಳಿಗೆ ಕಂಪೆನಿಯ ಹಣ ಕೊಡಿಸಲಿಕ್ಕೆ ಇವತ್ತು ಹೊಸ ಕಥೆ!"

"ಕಥೆ ಕಟ್ಟುವವನು ತಾನೇ ಜೈಲಿಗೆ ಹೋಗುವ ಕಥೆ ಕಟ್ತಾನಾ ವಕೀಲರೇ?"

ನ್ಯಾಯಾಧೀಶರು ಲೇಖನಿಯನ್ನು ಕೆಳಗಿಟ್ಟರು. "ಈ ಹೇಳಿಕೆಯಿಂದ ನಿಮ್ಮ ಮೇಲೆ ಮೊಕದ್ದಮೆ ಬರಬಹುದು. ಗೊತ್ತುಂಟಾ?"

"ಗೊತ್ತುಂಟು. ಬರೆದುಕೊಳ್ಳಿ ಸ್ವಾಮಿ."

ನ್ಯಾಯಾಧೀಶರು ಬರೆದುಕೊಂಡು, ಜಲ್ಲಿಯ ಚೂರು ತೆಗೆದ ಡಾಕ್ಟರರನ್ನು ಮುಂದಿನ ವಾಯಿದೆಗೆ ಕರೆಸಬೇಕೆಂದು ಆದೇಶಿಸಿದರು.

ಹೊರಗಿನ ಜಗಲಿಯಲ್ಲಿ ಫ್ಲಾವಿಯಾ ನಿಂತಿದ್ದರು. ಆಚೆಯ ಬೆಂಚಿನಲ್ಲಿ ಜಲಜಾಕ್ಷಿ ಒಬ್ಬಳೇ ಕುಳಿತಿದ್ದಳು.

"ಎಂತ ಹೇಳಿದಿರಿ?" ಎಂದು ಹೊರಗೆ ಬಂದ ಗಂಡನನ್ನು ಫ್ಲಾವಿಯಾ ಕೇಳಿದರು.

"ಹೊರಗಿದ್ದಳು ಅಂತ."

ಫ್ಲಾವಿಯಾ ನಡೆದು ಹೋಗಿ ಆ ಬೆಂಚಿನಲ್ಲಿ ಜಲಜಾಕ್ಷಿಯ ಬಲಗಡೆಗೆ, ಮಡಚದ ಆ ಕೈಯ ಪಕ್ಕದಲ್ಲಿ ಕುಳಿತರು.