ಐವತ್ತೆಂಟನೇ ಸೆಕೆಂಡಿನ ಧೂಳು

ಮೇಜಿನ ಮೇಲೆ ಒಟ್ಟು ಅರವತ್ತಮೂರು ವಸ್ತುಗಳಿದ್ದವು. ಅವುಗಳಲ್ಲಿ ಅರವತ್ತೊಂದು ಇದ್ದಲ್ಲೇ ಇರತಕ್ಕವು. ಎರಡು ಮಾತ್ರ ದಿನಕ್ಕಿಷ್ಟು ಎಂದು ಮುಂದೆ ಸರಿಯುತ್ತಿದ್ದವು. ಈ ಲೆಕ್ಕ ಸಿನಿಮಾ ಮಾಡುತ್ತಿದ್ದ ಹುಡುಗಿಯರಿಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕೋಣೆ ಗುಡಿಸುವ ಗದಿಗೆಮ್ಮನಿಗೆ.

ಅಮೀರ್‌ಪೇಟ್‌ನ ಆ ಮಹಿಳಾ ಹಾಸ್ಟೆಲಿಗೆ ನಾಲ್ಕು ಮಹಡಿ, ಇಪ್ಪತ್ತೆರಡು ಕೋಣೆ. 2006ರ ಫೆಬ್ರವರಿಯಲ್ಲಿ ಒಂದು ಮಂಚವೂ ಖಾಲಿ ಇರಲಿಲ್ಲ. ಮೂರೇ ತಿಂಗಳಲ್ಲಿ ಜಾವಾವನ್ನೋ ಒರಾಕಲ್ಲನ್ನೋ ಕಲಿತು ಮಾಧಾಪುರದ ಕಂಪನಿಗಳಿಗೆ ನುಗ್ಗಬೇಕೆಂದು ಊರೂರುಗಳಿಂದ ಬಂದ ಹುಡುಗಿಯರು ಬೆಳಗ್ಗೆ ಒಂಬತ್ತಕ್ಕೆ ಬಾಚಣಿಗೆ ಕೈಯಲ್ಲಿ ಹಿಡಿದೇ ಮೆಟ್ಟಿಲಿಳಿಯುತ್ತಿದ್ದರು. 304ನೇ ಕೋಣೆಯಲ್ಲಿದ್ದವರು ಇಬ್ಬರು: ಮೈಸೂರಿನ ಕೃಪಾ, ಕುಂದಾಪುರದ ಅನ್ವಿತಾ. ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್ ತರಗತಿ, ಭಾನುವಾರವೂ ಲ್ಯಾಬ್. ಸಂಜೆ ಏಳರಿಂದ ಒಂಬತ್ತರವರೆಗೆ ಮಾತ್ರ ಅವರು ಬೇರೆಯೇ ಜನ.

ಮೇಜಿನ ಮೇಲೆ ಅವರು ಒಂದು ಬೀದಿ ಕಟ್ಟಿದ್ದರು. ಔಷಧದ ಖಾಲಿ ಡಬ್ಬಿಗಳೇ ಕಟ್ಟಡ, ಬಸ್ ಟಿಕೆಟುಗಳೇ ಕೋಚಿಂಗ್ ಸೆಂಟರಿನ ಫಲಕ, ಅಗರಬತ್ತಿಯ ಕಡ್ಡಿಗಳೇ ವಿದ್ಯುತ್ ಕಂಬ. ಬೆಂಕಿಪೊಟ್ಟಣದ ಬಸ್ಸಿನಿಂದ ಇಳಿದ ಜೇಡಿಮಣ್ಣಿನ ಹುಡುಗಿಯೊಬ್ಬಳು, ಕೈಗೆ ಅಂಟಿಸಿದ, ತನಗಿಂತ ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಆ ಬೀದಿಯಲ್ಲಿ ಹಾಸ್ಟೆಲ್ ಹುಡುಕುವುದೇ ಕತೆ. ಎದುರು ಗೋಡೆಯ ಗೂಡಿನಲ್ಲಿ ಕೃಪಾಳ ಅಣ್ಣನ ಹಳೆಯ ಡಿಜಿಟಲ್ ಕ್ಯಾಮೆರಾ ಟೇಪಿನಿಂದ ಬಿಗಿದು ಕೂತಿತ್ತು.

“ಸೆಕೆಂಡಿಗೆ ಹನ್ನೆರಡು ಫೋಟೊ, ಗದಿಗೆಮ್ಮ,” ಎಂದು ಮೊದಲ ದಿನವೇ ಕೃಪಾ ವಿವರಿಸಿದ್ದಳು. “ಎರಡು ನಿಮಿಷಕ್ಕೆ ಸಾವಿರದ ನಾನೂರ ನಲವತ್ತು. ಗೊಂಬೇನ ಒಂಚೂರು ಸರಿಸೋದು, ಕ್ಲಿಕ್. ಮತ್ತೆ ಒಂಚೂರು, ಕ್ಲಿಕ್. ಮಿಕ್ಕಿದ್ದು ಯಾವ್ದೂ ಅಲ್ಲಾಡ್ಬಾರ್ದು. ಒಂದು ಡಬ್ಬಿ ಅಲ್ಲಾಡಿದ್ರೂ ಸಿನಿಮಾದಲ್ಲಿ ಬಿಲ್ಡಿಂಗೇ ಎಗರಿದ ಹಾಗೆ ಕಾಣತ್ತೆ.”

“ಭೂಕಂಪ ಆದಂಗ?”

“ಹೂಂ, ಹಾಗೇ.”

“ಹಂಗಾರ ನಾ ಮುಟ್ಟಂಗಿಲ್ಲ ಬಿಡ್ರಿ.”

ಆದರೂ ಅನ್ವಿತಾ ನಾಲ್ಕು ಭಾಷೆಗಳಲ್ಲಿ ‘ಮುಟ್ಟಬಾರದು’ ಎಂದು ಬರೆದು ಮೇಜಿನ ಅಂಚಿಗೆ ಅಂಟಿಸಿದಳು. ಲಿಂಗಸುಗೂರಿನಲ್ಲಿ ನಾಲ್ಕನೇ ಇಯತ್ತೆವರೆಗೆ ಓದಿದ್ದ ಗದಿಗೆಮ್ಮನಿಗೆ ಮೊದಲನೆಯ ಕನ್ನಡ ಸಾಲು ಸಾಕಿತ್ತು.

ಎರಡು ದಿನ ಅವಳು ಮಾತು ಉಳಿಸಿಕೊಂಡಳು. ಆದರೆ ಆ ತಿಂಗಳು ಹೊರಗೆ ಚರಂಡಿಗೆಂದು ರಸ್ತೆ ಅಗೆದಿದ್ದರು. ಕಿಟಕಿ ಮುಚ್ಚಿದರೂ ಸಂದಿಯಿಂದ ಹಿಟ್ಟಿನಂಥ ಬಿಳಿ ಧೂಳು ಒಳಗಿಳಿಯುತ್ತಿತ್ತು. ಮೂರನೇ ದಿನ ಹನ್ನೊಂದು ಗಂಟೆಗೆ ಬಾಗಿಲು ತೆರೆದಾಗ ಬೀದಿಯ ಮೇಲೆ ಧೂಳಿನ ತೆಳು ಪೊರೆ ಕೂತಿತ್ತು. ಕೆಂಪು ಡಬ್ಬಿ ಗುಲಾಬಿಗೆ ತಿರುಗಿತ್ತು.

ಗದಿಗೆಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. ‘ನಾ ಕಸ ಹೊಡದ ಖೋಲ್ಯಾಗ ಧೂಳ ಕೂತ್ರ ಮಂದಿ ಯಾರಿಗೆ ಅಂತಾರ?’ ಹೀಗೆ ತನ್ನನ್ನೇ ಕೇಳಿಕೊಂಡು, ಸೆರಗಿನ ಚುಂಗು ಒದ್ದೆ ಮಾಡಿಕೊಂಡಳು.

ಇದು ಉಡಾಫೆಯಲ್ಲ. ಈ ಕೆಲಸಕ್ಕೆ ಬರುವ ಮೊದಲು ಅವಳು ಒಂಬತ್ತು ವರ್ಷ ತಾರ್ನಾಕದಲ್ಲಿ ಸುಬ್ಬರಾಯ ಎಂಬ ನಿವೃತ್ತ ಮೇಷ್ಟ್ರ ಮನೆಯಲ್ಲಿ ದುಡಿದಿದ್ದಳು. ಅವರಿಗೆ ಎರಡೂ ಕಣ್ಣಿರಲಿಲ್ಲ, ಜೊತೆಗೆ ಯಾರೂ ಇರಲಿಲ್ಲ. ನೀರಿನ ಲೋಟ ಎರಡು ಬೆರಳು ಆಚೆ ಇದ್ದರೆ ಅದು ನೆಲಕ್ಕೆ. ಔಷಧದ ಸೀಸೆ ಅದಲುಬದಲಾದರೆ ಆಸ್ಪತ್ರೆಗೆ. ವಸ್ತುವನ್ನು ಎತ್ತುವ ಮೊದಲೇ ಅದರ ಜಾಗವನ್ನು ಬೆರಳಿನಿಂದ ಅಳೆದುಕೊಳ್ಳುವುದು, ಒರೆಸುವುದು, ಅಳತೆಗೆ ಸರಿಯಾಗಿ ಮರಳಿ ಇಡುವುದು ಅವಳ ಕೈಗೆ ಅಲ್ಲಿ ಹತ್ತಿದ ರೂಢಿ. ಒಂಬತ್ತು ವರ್ಷದಲ್ಲಿ ಮೇಷ್ಟ್ರ ಒಂದು ಲೋಟವೂ ಒಡೆದಿರಲಿಲ್ಲ.

ಅವತ್ತಿನಿಂದ ದಿನವೂ ಅದೇ. ಒಂದು ಸಲಕ್ಕೆ ಒಂದೇ ವಸ್ತು. ಕಸ ಗುಡಿಸುವ ಕಡ್ಡಿ ಬಾರಿಗೆಯಿಂದ ಕಡ್ಡಿ ಮುರಿದು, ಯಾವ ಡಬ್ಬಿಗೂ ಯಾವ ಕಂಬಕ್ಕೂ ನಡುವೆ ಎಷ್ಟು ಅಂತರ ಎಂದು ತುಂಡರಿಸಿ, ತುದಿಗೆ ಬಣ್ಣಬಣ್ಣದ ದಾರ ಸುತ್ತಿ ಸಂಚಿಯಲ್ಲಿಟ್ಟುಕೊಂಡಳು. ಮಣ್ಣಿನ ಹುಡುಗಿಯನ್ನೂ ಬಸ್ಸನ್ನೂ ಮಾತ್ರ ಅವಳು ಎತ್ತುತ್ತಿರಲಿಲ್ಲ; ಬಾಯಿಂದ ಊದಿ ಬಿಡುತ್ತಿದ್ದಳು. ಇಡೀ ಬೀದಿಗೆ ನಲವತ್ತು ನಿಮಿಷ. ಉಳಿದ ಕೋಣೆಗಳಿಗೆ ತಡವಾಯಿತೆಂದು ವಾರ್ಡನ್ ಅನ್ನಮ್ಮ ಬೈದರೆ, “ಮೂರನೇ ಮಹಡಿ ಭಾಳ ಹೊಲಸ್ರಿ ಅಮ್ಮಾರ,” ಎನ್ನುತ್ತಿದ್ದಳು.

ನಡುವೆ ಒಮ್ಮೆ ಅಕ್ಕನ ಮಗಳ ಮದುವೆಗೆಂದು ನಾಲ್ಕು ದಿನ ಊರಿಗೆ ಹೋಗಿ ಬಂದಳು. ಬಂದ ದಿನ ಮೇಜಿನ ಧೂಳು ನೋಡಿ, ತನ್ನ ಮಗುವಿನ ಮುಖ ಬೇರೆ ಯಾರೋ ತೊಳೆಯದೆ ಬಿಟ್ಟರೆಂಬಂತೆ ಗೊಣಗುತ್ತ ಒರೆಸಿದಳು. ಹುಡುಗಿಯರಿಗೆ ಏನೂ ಗೊತ್ತಾಗಲಿಲ್ಲ. ಇದ್ದ ಧೂಳೂ ಇಲ್ಲದ ಧೂಳೂ ಆ ವಯಸ್ಸಿನವರ ಕಣ್ಣಿಗೆ ಬೀಳುವುದಿಲ್ಲ.

ಚಿತ್ರ ಶುರುವಾಗಿ ನಲವತ್ತನೇ ದಿನ, ಬುಧವಾರ. ಹಿಮಾಯತ್‌ನಗರದ ಒಂದು ಸಂಘ ಹವ್ಯಾಸಿ ಕಿರುಚಿತ್ರಗಳ ಸ್ಪರ್ಧೆ ಇಟ್ಟಿತ್ತು, ಸಿ.ಡಿ. ತಲುಪಿಸಲು ಶುಕ್ರವಾರ ಸಂಜೆ ಐದು ಕೊನೆ. 1,356 ಫೋಟೊ ಮುಗಿದಿದ್ದವು. ಉಳಿದದ್ದು ಎಂಬತ್ತನಾಲ್ಕು, ಅಂದರೆ ಏಳು ಸೆಕೆಂಡು: ಮಣ್ಣಿನ ಹುಡುಗಿ ಕೊನೆಗೂ ಒಂದು ಬಾಗಿಲು ತಟ್ಟಬೇಕು.

ಹಿಂದಿನ ಸಂಜೆ ಕೋಣೆಯ ಫ್ಯಾನು ನಿಂತುಹೋಗಿತ್ತು. ಕೃಪಾಳೇ ಕೆಳಗಿನ ರಿಜಿಸ್ಟರಿನಲ್ಲಿ ದೂರು ಬರೆದಿದ್ದಳು. ಹಾಸ್ಟೆಲ್ ಅಷ್ಟು ಬೇಗ ದುರಸ್ತಿ ಮಾಡಿಸಿದ್ದು ಅದೇ ಮೊದಲು. ಹನ್ನೊಂದಕ್ಕೆ ಗದಿಗೆಮ್ಮ ಬಾಗಿಲು ತೆರೆದಾಗ ಫ್ಯಾನು ಗಿರಗಿರನೆ ತಿರುಗುತ್ತಿತ್ತು. ಮೇಜು ಗೋಡೆಗೆ ಸರಿದಿತ್ತು. ಅರ್ಧ ಬೀದಿ ಮೇಜಿನ ಮೇಲೆಯೇ ಒಂದರ ಮೇಲೊಂದು ಬಿದ್ದಿತ್ತು. ಇನ್ನರ್ಧವನ್ನು ಮೆಕ್ಯಾನಿಕ್ ಸಾಯಿಕುಮಾರ ಬಹಳ ಜೋಪಾನವಾಗಿ ಬಕೆಟ್ಟಿನಲ್ಲಿ ತುಂಬಿಟ್ಟಿದ್ದ. ಏಣಿಗೆ ಜಾಗ ಬೇಕಿತ್ತು, ಅಷ್ಟೇ.

ಗದಿಗೆಮ್ಮ ಬಕೆಟ್ಟಿನ ಪಕ್ಕ ಕುಕ್ಕರಿಸಿದಳು. ಒಂದೂ ಒಡೆದಿರಲಿಲ್ಲ. ಸಂಚಿಯಲ್ಲಿ ಕಡ್ಡಿಗಳಿದ್ದವು. ಹುಡುಗಿಯರು ಊಟಕ್ಕೆ ಬರಲು ಎರಡೂವರೆ ಗಂಟೆ ಸಮಯವಿತ್ತು. ಎಲ್ಲವನ್ನೂ ಇದ್ದಂತೆ ಜೋಡಿಸಿ ಬಾಗಿಲು ಹಾಕಿಕೊಂಡು ಹೋದರೆ ಕೇಳುವವರಿಲ್ಲ.

ಅಡ್ಡಿ ಬಂದದ್ದು ಆ ಎರಡು ವಸ್ತುಗಳು. ಮಣ್ಣಿನ ಹುಡುಗಿಯೂ ಬಸ್ಸೂ ನಿನ್ನೆ ಸಂಜೆ ಎಲ್ಲಿ ನಿಂತಿದ್ದವೆಂದು ಅವಳು ಕಂಡಿರಲಿಲ್ಲ. ಅಂದಾಜಿನಲ್ಲಿ ಇಟ್ಟರೆ ಹುಡುಗಿಯರು ಗೊತ್ತಿಲ್ಲದೆ ಅಲ್ಲಿಂದಲೇ ಮುಂದುವರಿಸುತ್ತಾರೆ. ಸಿನಿಮಾದಲ್ಲಿ ಗೊಂಬೆ ಕುಪ್ಪಳಿಸುತ್ತದೆ. ಅದನ್ನು ಸರಿಯಾಗಿ ಇಡಬಲ್ಲವರು ಅವರೇ. ಹಾಗಾದರೆ ಹೇಳಬೇಕು. ಹೇಳಿದರೆ, ಉಳಿದವುಗಳ ಅಳತೆ ಹೇಗೆ ಗೊತ್ತೆಂದು ಕೇಳುತ್ತಾರೆ; ದಿನವೂ ಮುಟ್ಟಿದ್ದನ್ನೂ ಹೇಳಬೇಕು. ಅವಳಿಗಿಂತ ಮೊದಲಿದ್ದ ಕೆಲಸದವಳನ್ನು, ಹುಡುಗಿಯೊಬ್ಬಳ ಪೆಟ್ಟಿಗೆ ತೆರೆದಳೆಂಬ ಒಂದೇ ಮಾತಿಗೆ ಅದೇ ದಿನ ಕಳಿಸಿದ್ದರು. ಇಪ್ಪತ್ತೆರಡು ಕೋಣೆಗಳ ಬೀಗದ ಕೈ ಗದಿಗೆಮ್ಮನ ಸೊಂಟದಲ್ಲಿದ್ದದ್ದು ಅವಳ ಕೈ ಮೇಲಿನ ನಂಬಿಕೆಯಿಂದ.

ಅವಳು ಏನನ್ನೂ ಮುಟ್ಟದೆ ಹೊಸ್ತಿಲ ಹೊರಗೆ ಕೂತಳು. ಒಂದೂವರೆಗೆ ಇಬ್ಬರೂ ಮೆಟ್ಟಿಲು ಹತ್ತಿ ಬಂದರು.

ಕೃಪಾ ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಅನ್ವಿತಾ ಬಕೆಟ್ಟು ನೋಡಿ, “ಅಯ್ಯೋ ದೇವ್ರೇ, ಮುಗೀತು ಮಾರಾಯ್ತಿ,” ಎಂದು ಮಂಚದ ಮೇಲೆ ಕುಸಿದಳು.

ಕೃಪಾ ತಿರುಗಿದಳು. “ಗದಿಗೆಮ್ಮ, ನೀವು ಮುಟ್ಟಿದ್ರಾ?”

“ಇವತ್ತ ಮುಟ್ಟಿಲ್ರಿ. ಫ್ಯಾನಿನಾಂವ ಬಂದಿದ್ದ.” ಗದಿಗೆಮ್ಮ ಎದ್ದು ನಿಂತಳು. “ದಿನಾ ಮುಟ್ತೀನಿ.”

“ಏನಂದ್ರಿ?”

“ದಿನಾ ಎತ್ತಿ ಒರೆಸಿ ಇಡ್ತೀನ್ರಿ. ನೀವು ಹೋದ ಮ್ಯಾಲ. ಧೂಳ ಭಾಳ ಕೂಡತೈತಿ.”

ಕೃಪಾಳ ಮುಖ ಕೆಂಪಾಯಿತು. “ಬೋರ್ಡ್ ಹಾಕಿದ್ವಿ! ನಾಲ್ಕು ಭಾಷೇಲಿ! ನಲವತ್ತು ದಿನದಿಂದ... ಅನ್ವಿ, ಕೇಳಿದ್ಯಾ? ಇವ್ರು ದಿನಾ ಎತ್ತಿಟ್ಟಿದಾರಂತೆ!”

“ಸುಳ್ಳು,” ಎಂದಳು ಅನ್ವಿತಾ, ಕಣ್ಣೊರೆಸಿಕೊಂಡು. “ಎತ್ತಿದ್ರೆ ಸಿನಿಮಾದಲ್ಲಿ ಗೊತ್ತಾಗ್ತಿರ್ಲಿಲ್ವಾ? ಮೊನ್ನೆ ಪೂರ್ತಿ ನೋಡಿದ್ದೀವಲ್ಲ. ಒಂದೂ ಹಂದಿಲ್ಲ, ಅಲ್ಲಾಡಿಲ್ಲ.”

“ಹಂದಂಗ ಇಟ್ರ ಅದು ಇಟ್ಟಂಗಾತೇನ್ರಿ?” ಎಂದಳು ಗದಿಗೆಮ್ಮ. ಸಂಚಿ ಬಿಚ್ಚಿ ಕಡ್ಡಿಗಳನ್ನು ನೆಲದ ಮೇಲೆ ಹರವಿದಳು. “ಕೆಂಪ್ ದಾರದ್ದು ಔಷಧಿ ಅಂಗಡಿಗೂ ಕಂಬಕ್ಕೂ. ಹಸರಿಂದು ಕಂಬಕ್ಕೂ ಉದ್ದನ್ ಬಿಲ್ಡಿಂಗಿಗೂ. ಬೈಯೋದಿದ್ರ ಆಮ್ಯಾಲ ಬೈರಿ, ಯವ್ವಾ. ಅಮ್ಮಾರಿಗೆ ಹೇಳೋದಿದ್ರೂ ಆಮ್ಯಾಲ ಹೇಳ್ರಿ. ಮೊದಲ ಮೇಜಿಗೆ ಕೈ ಹಚ್ಚರಿ.”

ಮೇಜಿನ ಎಡಗಾಲು ನೆಲದ ಶಹಾಬಾದ್ ಕಲ್ಲಿನ ಸಂದಿಯಿಂದ ಎರಡು ಬೆರಳು ಒಳಗೆ, ಬಲಗಾಲು ಸಂದಿಯ ಮೇಲೆಯೇ. ಅಲ್ಲಿಂದ ಶುರು. ಅವಳು ಹಿಂದಿನ ಸಾಲಿನಿಂದ ಒಂದೊಂದೇ ಡಬ್ಬಿ ತೆಗೆದುಕೊಂಡು, ಕಣ್ಣು ಅರೆ ಮುಚ್ಚಿ, ಬೆರಳು ಊರಿ, ಕಡ್ಡಿ ಹಿಡಿದು, ಇಟ್ಟಳು. ಒಮ್ಮೆ ಇಟ್ಟದ್ದನ್ನು ಮತ್ತೆ ಮುಟ್ಟಲಿಲ್ಲ. ಕೃಪಾ ಮಧ್ಯಾಹ್ನದ ತರಗತಿ ಬಿಟ್ಟು, ಕ್ಯಾಮೆರಾದ ಎರಡಿಂಚಿನ ಪರದೆಗೆ ಮೂಗು ತಾಗಿಸಿ ನಿಂತಳು. ಅಷ್ಟು ಸಣ್ಣ ಪರದೆಯಲ್ಲಿ ಸರಿ ತಪ್ಪು ತೀರ್ಮಾನ ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಒಂದು ಗಂಟೆ ಕಳೆಯುವಷ್ಟರಲ್ಲಿ ಅವಳ ಬಾಯಿಂದ ಬರುತ್ತಿದ್ದ “ಸ್ವಲ್ಪ ಎಡಕ್ಕೇನೋ” ನಿಂತುಹೋಯಿತು.

ಅನ್ವಿತಾ ಸುಮ್ಮನಿರಲಾಗದೆ ಒಂದು ಫಲಕವನ್ನು ತಾನೇ ನಿಲ್ಲಿಸಿದಳು. ಗದಿಗೆಮ್ಮ ಅದನ್ನು ನೋಡಿ, ಮುಂದಿನ ಡಬ್ಬಿ ಎತ್ತಿಕೊಂಡಳು.

ನಾಲ್ಕೂಕಾಲಿಗೆ ಅರವತ್ತೊಂದೂ ನಿಂತವು. “ಉಳದ ಎರಡು ನಿಮ್ಮವು,” ಎಂದು ಗದಿಗೆಮ್ಮ ಹಿಂದೆ ಸರಿದಳು. ಗೊಂಬೆ, ಬಸ್ಸು ಇಡಲು ಹುಡುಗಿಯರಿಗೆ ಇನ್ನರ್ಧ ಗಂಟೆ ಹಿಡಿಯಿತು. ಒಂದು ಫೋಟೊ ತೆಗೆದರು. ಕ್ಯಾಮೆರಾದ ಮೆಮೊರಿ ಕಾರ್ಡ್ ಹಿಡಿದು ಇಬ್ಬರೂ ಕೆಳಗಿನ ಇಂಟರ್ನೆಟ್ ಅಂಗಡಿಗೆ ಓಡಿದರು.

ಗದಿಗೆಮ್ಮನಿಗೆ ಇನ್ನೂ ಹನ್ನೆರಡು ಕೋಣೆ ಬಾಕಿ. ಅವಳು ಹೋಗಲಿಲ್ಲ. ಹತ್ತು ನಿಮಿಷಕ್ಕೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿತು. ಮುಂದೆ ಕೃಪಾ.

“ನಿನ್ನೆಯ ಕೊನೇ ಫೋಟೊ, ಇವತ್ತಿನ ಫೋಟೊ, ಒಂದಾದ ಮೇಲೊಂದು ಹಾಕಿ ನೋಡಿದ್ವಿ,” ಏದುಸಿರಿನಲ್ಲಿ ಹೇಳಿದಳು. “ಇಪ್ಪತ್ತು ಸಲ. ಬೀದಿ ಅಲ್ಲಾಡಲ್ಲ, ಗದಿಗೆಮ್ಮ. ಒಂದೇ ಒಂದು ಫಲಕ, ಅಕ್ಕಿಕಾಳಿನಷ್ಟು...”

“ಅದು ನಂದಲ್ರಿ,” ಎಂದಳು ಗದಿಗೆಮ್ಮ. “ಅನ್ವಿತಾ ಅವ್ರು ಇಟ್ಟಿದ್ದು.”

ಅನ್ವಿತಾ ನಕ್ಕು ನಕ್ಕು ಮತ್ತೆ ಕಣ್ಣೊರೆಸಿಕೊಂಡಳು. ಕೃಪಾ ನಗಲಿಲ್ಲ. ಮೇಜಿನ ಅಂಚಿನ ‘ಮುಟ್ಟಬಾರದು’ ಚೀಟಿ ಕಿತ್ತು, ಪೆನ್ನು ತೆಗೆದು, ಕನ್ನಡ ಸಾಲಿನ ಕೆಳಗೆ ‘ಗದಿಗೆಮ್ಮನ ಹೊರತು’ ಎಂದು ಸೇರಿಸಿ ಮತ್ತೆ ಅಂಟಿಸಿದಳು. ಅನ್ನಮ್ಮನವರೆಗೆ ಮಾತು ಹೋಗಲಿಲ್ಲ. ಆ ಫಲಕವನ್ನು ಗದಿಗೆಮ್ಮ ಸರಿ ಮಾಡಿದ ಮೇಲೆ ಬುಧವಾರ ನಲವತ್ತೆರಡು, ಗುರುವಾರ ನಲವತ್ತೆರಡು ಫೋಟೊ ತೆಗೆದು ಮುಗಿಸಿದರು. ಶುಕ್ರವಾರ ನಾಲ್ಕೂ ಇಪ್ಪತ್ತಕ್ಕೆ ಸಿ.ಡಿ. ಹಿಮಾಯತ್‌ನಗರ ಮುಟ್ಟಿತು.

ಮುಂದಿನ ಭಾನುವಾರ ಪ್ರದರ್ಶನ. ಸಂಘದ ಸಭಾಂಗಣದಲ್ಲಿ ನೂರು ಕುರ್ಚಿ, ಸುಮಾರು ಎಂಬತ್ತು ಜನ. ಗದಿಗೆಮ್ಮ ಮದುವೆಗೆ ಕೊಂಡ ಸೀರೆ ಉಟ್ಟು ಇಬ್ಬರ ನಡುವೆ ಕೂತಿದ್ದಳು. ಅವಳು ದಿನವೂ ಬೆರಳಲ್ಲಿ ಅಳೆದ ಬೀದಿ ಗೋಡೆಯಷ್ಟು ದೊಡ್ಡದಾಗಿ ಎದುರು ನಿಂತಿತು. ಬಸ್ಸು ಬಂತು. ಮಣ್ಣಿನ ಹುಡುಗಿ ಇಳಿದು, ಸೂಟ್‌ಕೇಸ್ ಎಳೆದು, ಒಂದೊಂದು ಬಾಗಿಲೂ ನೋಡುತ್ತ ನಡೆದಳು. ಜನ ನಕ್ಕರು. ಗದಿಗೆಮ್ಮ ಹುಡುಗಿಯನ್ನು ನೋಡುತ್ತಲೇ ಇರಲಿಲ್ಲ, ಕಟ್ಟಡಗಳನ್ನು ನೋಡುತ್ತಿದ್ದಳು. ಒಂದೂ ಮಿಸುಕಲಿಲ್ಲ. ಕೊನೆಗೆ ಮೂರು ಹೆಸರು ಒಂದೇ ಅಳತೆಯ ಅಕ್ಷರದಲ್ಲಿ ಬಂದವು. ಮೂರನೆಯದನ್ನು ಅವಳು ಒತ್ತಕ್ಷರ ಬಿಡದೆ ಎರಡು ಸಲ ಓದಿಕೊಂಡಳು.

ತೀರ್ಪುಗಾರರಲ್ಲಿ ಒಬ್ಬರು ಬಿಳಿಕೂದಲಿನ ಹೆಂಗಸು. ಮೂವತ್ತು ವರ್ಷ ಅನಿಮೇಷನ್ ಕಲಿಸಿದವರು. ಅವರು ಮೈಕ್ ತೆಗೆದುಕೊಂಡು ಹಿಂದಿಯಲ್ಲಿ ಕೇಳಿದರು: ಎಷ್ಟು ದಿನದ ಕೆಲಸ?

“ನಲವತ್ತೊಂದು,” ಎಂದಳು ಕೃಪಾ.

ಸ್ಟುಡಿಯೊ?

“ಹಾಸ್ಟೆಲ್ ಕೋಣೆ. ಅಮೀರ್‌ಪೇಟ್‌ನಲ್ಲಿ, ರಸ್ತೆ ಅಗೆದಿರೋ ಕಡೆ.”

ಹಾಗಾದರೆ ಧೂಳೆಲ್ಲಿ, ಎಂದರು. ಅಗೆದ ರಸ್ತೆಯ ಪಕ್ಕ ನಲವತ್ತೊಂದು ದಿನ ನಿಂತ ಸೆಟ್ಟಿನಲ್ಲಿ ಧೂಳು ಇರಲೇಬೇಕು. ಮೊದಲ ಕೆಲವು ಸೆಕೆಂಡು ಬಿಟ್ಟರೆ ನಿಮ್ಮಲ್ಲಿ ಒಂದೇ ಕಡೆ ಇದೆ. ನಲವತ್ತೇಳನೇ ಸೆಕೆಂಡಿನಿಂದ ಕೆಂಪು ಕಟ್ಟಡ ನಿಧಾನವಾಗಿ ಬಿಳಚಿಕೊಳ್ಳುತ್ತದೆ. ಐವತ್ತೆಂಟನೇ ಸೆಕೆಂಡಿನಲ್ಲಿ ಒಂದೇ ಏಟಿಗೆ ಮತ್ತೆ ಕೆಂಪು. ಅಲ್ಲಿ ಏನಾಯಿತು?

ಅದನ್ನು ಕೃಪಾ, ಅನ್ವಿತಾ ಟ್ಯೂಬ್‌ಲೈಟಿನ ತಂಟೆ ಎಂದುಕೊಂಡಿದ್ದರು. ಉತ್ತರ ಗೊತ್ತಿದ್ದವಳು ಅವರ ನಡುವೆ ಕೂತಿದ್ದಳು.

ಹಿಂದಿ ಪ್ರಶ್ನೆ ಗದಿಗೆಮ್ಮನಿಗೆ ಪೂರ್ತಿ ಅರ್ಥವಾಗಿತ್ತು. ಅವಳು ಎದ್ದು, ಸೆರಗು ಸರಿಮಾಡಿಕೊಂಡು, ತನ್ನ ಮಾತಿನಲ್ಲೇ ಹೇಳಿದಳು. ಕೃಪಾ ಅವಳ ಪಕ್ಕ ನಿಂತು ಒಂದೊಂದು ವಾಕ್ಯವನ್ನೂ ಹಿಂದಿಗೆ ತಿರುಗಿಸಿದಳು, ಏನನ್ನೂ ಕೂಡಿಸದೆ, ಏನನ್ನೂ ಬಿಡದೆ.

“ಆ ನಾಕ ದಿನ ನಾ ಊರಾಗ ಇದ್ನಿರಿ. ನಮ್ಮ ಅಕ್ಕನ ಮಗಳ ಮದುವಿ ಇತ್ತು. ಬಂದ ದಿನ ಒರೆಸೀನಿ. ಅದೊಂದು ತಪ್ಪ ನಂದ ಐತಿ.” ಅವಳು ಖಾಲಿ ಪರದೆಯ ಕಡೆಗೆ ಕೈ ತೋರಿಸಿದಳು. “ಉಳದ ದಿನದ್ದು ನೋಡ್ರಿ.”

ಬಿಳಿಕೂದಲಿನ ಹೆಂಗಸು ಮೈಕ್ ಕೆಳಗಿಟ್ಟು, ಪ್ರೊಜೆಕ್ಟರಿನವನಿಗೆ ಮತ್ತೆ ಮೊದಲಿನಿಂದ ಹಾಕಲು ಹೇಳಿದರು.