ವಿಟ್ಕಂಬ್ ಸಾಹೇಬನ ಮುಚ್ಚಿದ ಎಂಜಿನ್

ವಿಟ್ಕಂಬ್ ಸಾಹೇಬ ಎಲ್ಲೋ ವಿಲಾಯತಿಯಲ್ಲಿ ಮಣ್ಣಾಗಿರಬೇಕು ಎಂದೇ ಗುಂಡಪ್ಪ ನಂಬಿಕೊಂಡಿದ್ದ. ಹಾಗೆ ನಂಬುವುದು ಅವನಿಗೆ ಹಿತವಾಗಿತ್ತು. ಆದ್ದರಿಂದ ೧೯೬೪ರ ಚಳಿಗಾಲದ ಒಂದು ಬೆಳಿಗ್ಗೆ ವಡೋದರಾ ರೈಲ್ವೆ ಲೋಕೋ ಶೆಡ್ಡಿನ ಗೇಟಿನಲ್ಲಿ ಆ ಉದ್ದನೆಯ ಆಳು, ಅದೇ ಹ್ಯಾಟು, ಅದೇ ಕೊಕ್ಕರೆ ಕಾಲು, ಟಾಂಗಾದಿಂದ ಇಳಿದಾಗ ಗುಂಡಪ್ಪನ ಬಾಯಿ ತುಂಬ ಉಗುಳು ಬಂತು. ಶೆಡ್ಡಿನಲ್ಲಿ ಉಗುಳಬಾರದೆಂದು ಫೋರ್‌ಮನ್ ಆದ ತಾನೇ ಬೋರ್ಡು ಹಾಕಿಸಿದ್ದರಿಂದ ನುಂಗಿಕೊಂಡ.

"ಗುಂಡಪ್ಪಾ! ಅಚ್ಛಾ ಹೈ?" ಎಂದು ಸಾಹೇಬ ಕೈ ಚಾಚಿದ.

ಗುಂಡಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ನನ್ನ ಕೈ ಮಸಿ ಆಗ್ಯಾವ" ಎಂದ, ಕನ್ನಡದಲ್ಲೇ. ಸಾಹೇಬನಿಗೆ ತಿಳಿದರೆಷ್ಟು, ಬಿಟ್ಟರೆಷ್ಟು.

ಸಾಹೇಬನಿಗೆ ನಾಚಿಕೆ ಎಂಬುದು ಮೊದಲೂ ಇರಲಿಲ್ಲ. ಶೆಡ್ಡಿನ ಮೇಲೆಲ್ಲ ಕಣ್ಣಾಡಿಸಿ, ಪಕ್ಕದಲ್ಲಿದ್ದ ಅನಂತರಾಮನ ಕಡೆ ತಿರುಗಿ, "ಇಲ್ಲಿಯ ದಸರಾ ಮರೆಯಲಾರೆ. ಇವರು ನನಗೆ ಹಾರ ಹಾಕಿ ಜಿಲೇಬಿ ತಿನ್ನಿಸುತ್ತಿದ್ದರು" ಎಂದು ನಕ್ಕ. ಅನಂತರಾಮ ಅಹಮದಾಬಾದಿನಿಂದ ವಿಚಾರಣೆಗೆ ಬಂದ ಎಂಜಿನಿಯರ್, ಮೈಸೂರು ಕಡೆಯವನು. ಅವನೂ ಮರ್ಯಾದೆಗೆ ನಕ್ಕ. ಗುಂಡಪ್ಪ ನಗಲಿಲ್ಲ.

ಈ ಸಾಹೇಬನ ಚರಿತ್ರೆ ಗುಂಡಪ್ಪನಿಗೆ ಬಾಯಿಪಾಠವಾಗಿತ್ತು. ಲೋಕದ ಎಂಜಿನ್ನುಗಳಿಗೆಲ್ಲ ಉಗಿಯ ಕವಾಟ ಆಡಿಸುವ ಕೀಲುಗಳು ಹೊರಗೆ ಕಾಣುವಂತಿರುತ್ತವೆ. ಡ್ರೈವರ್ ಎಣ್ಣೆಯ ಡಬ್ಬಿ ಹಿಡಿದು ಸುತ್ತು ಬಂದು, ಮುಟ್ಟಿ, ಬಿಸಿಯೋ ತಣ್ಣಗೋ ನೋಡುತ್ತಾನೆ. ವಿಟ್ಕಂಬ್ ಅವನ್ನೆಲ್ಲ ಉಕ್ಕಿನ ಪೆಟ್ಟಿಗೆಯೊಂದರಲ್ಲಿ ಕೂಡಿಸಿ, ಎಣ್ಣೆ ತುಂಬಿ, ಮೇಲೆ ಮುಚ್ಚಳ ಬಿಗಿದುಬಿಟ್ಟ. ಧೂಳಿಲ್ಲ, ಸವೆತವಿಲ್ಲ, ದಿನಾ ಎಣ್ಣೆ ಬಿಡುವ ತಾಪತ್ರಯವಿಲ್ಲ ಎಂದು ಅವನ ವಾದ. ಅವನ ದೇಶದಲ್ಲಿ ಅರ್ಧ ಜನ ಅವನನ್ನು ಜಾಣ ಎಂದರು, ಅರ್ಧ ಜನ ಹುಚ್ಚ ಎಂದರು. ಹುಕುಂ ಕೊಡುವವರೆಲ್ಲ ಎರಡನೇ ಅರ್ಧದಲ್ಲಿದ್ದರು. ಅಲ್ಲಿ ಬೇಳೆ ಬೇಯದೆ ಇಲ್ಲಿಗೆ ಬಂದು, ಯುದ್ಧದ ಗಡಿಬಿಡಿಯಲ್ಲಿ ಅವರಿವರ ಕಾಲು ಹಿಡಿದು ಅಂಥ ಕೆಲವು ಎಂಜಿನ್ ಕಟ್ಟಿಸಿದ. ಗುಜರಾತಿ ಫಿಟ್ಟರುಗಳು ಅವಕ್ಕೆ 'ಡಬ್ಬಾವಾಳಿ', ಡಬ್ಬಿ ಹೊತ್ತವಳು, ಎಂದು ಹೆಸರಿಟ್ಟರು.

ಹತ್ತು ವರ್ಷದ ಹಿಂದೆ, ಸೂರತ್ತಿನಿಂದ ಬರುತ್ತಿದ್ದ ಡಬ್ಬಾವಾಳಿಯೊಂದರ ಪೆಟ್ಟಿಗೆ ಕೋಸಂಬಾದ ಹತ್ತಿರ ಹೊತ್ತಿಕೊಂಡಿತು. ಬೆಂಕಿ ಹಿಂದಕ್ಕೆ ಹೊರಳಿ ಡ್ರೈವರ್ ನಿಲ್ಲುವ ಜಾಗಕ್ಕೆ ನುಗ್ಗಿತು. ಡ್ರೈವರ್ ಹಾರಿ ಉಳಿದ. ಕಲ್ಲಿದ್ದಲು ಒಟ್ಟುವ ಫೈರ್‌ಮನ್ ಬ್ರೇಕ್ ಹಾಕಲು ನಿಂತ. ಗಾಡಿ ನಿಂತಿತು, ಅವನು ಉಳಿಯಲಿಲ್ಲ. ಆ ಫೈರ್‌ಮನ್ ಗುಂಡಪ್ಪನ ಒಡಹುಟ್ಟಿದ ತಮ್ಮ ಮಲ್ಲಿಕಾರ್ಜುನ. ಗುಂಡಪ್ಪನೇ ಹುಬ್ಬಳ್ಳಿಯಿಂದ ಕರೆತಂದು ಕೆಲಸಕ್ಕೆ ಹಚ್ಚಿದ್ದ ಮಲ್ಲ್ಯಾ.

ಆಗ ಸಾಹೇಬ ಇಲ್ಲೇ ದೊಡ್ಡ ಹುದ್ದೆಯಲ್ಲಿದ್ದ. ಪೆಟ್ಟಿಗೆ ಬಿಚ್ಚುವುದೇ ಬೇಡವೆಂದ. ಫೈರ್‌ಮನ್ ಎಣ್ಣೆಬಟ್ಟೆಯನ್ನು ಪೆಟ್ಟಿಗೆಯ ಮೇಲೆ ಬಿಟ್ಟಿದ್ದ, ಅವನ ಬೇಜವಾಬ್ದಾರಿಯಿಂದಲೇ ಬೆಂಕಿ ಎಂದು ವರದಿ ಬರೆದು, ಮುಂದಿನ ಹಡಗು ಹತ್ತಿದ. ಸತ್ತವರ ಬಾಯಲ್ಲಿ ಮಣ್ಣು ತುಂಬುವುದೆಂದರೆ ಇದೇ.

ಈಗ ಡೀಸೆಲ್ ಕಾಲ. ಕೊಯಾಲಿಯಲ್ಲಿ ಎಣ್ಣೆ ಕಾರ್ಖಾನೆ ಏಳುತ್ತಿತ್ತು. ಡಬ್ಬಾವಾಳಿಗಳ ವಿನ್ಯಾಸವೇ ಕೆಟ್ಟದ್ದು, ಎಲ್ಲವನ್ನೂ ಗುಜರಿಗೆ ಹಾಕಿ ಎಂದು ಮೇಲಿನವರು ಬರೆಯಲು ಹೊರಟಿದ್ದು ಹೇಗೋ ಮುದುಕ ಸಾಹೇಬನ ಕಿವಿಗೆ ಬಿದ್ದು, ಅವನು ತನ್ನ ಹೆಸರು ಉಳಿಸಿಕೊಳ್ಳಲು ಸಮುದ್ರ ದಾಟಿ ಬಂದಿದ್ದ. ತಪ್ಪು ಪೆಟ್ಟಿಗೆಯದೋ, ಮಲ್ಲ್ಯಾನದೋ, ಒಂದು ಇತ್ಯರ್ಥವಾಗಬೇಕಿತ್ತು.

ಆ ಬೆಳಿಗ್ಗೆ ಗುಂಡಪ್ಪ ಬುತ್ತಿ ಎತ್ತಿಕೊಂಡು ಹೊರಡುವಾಗ ಯಶೋದಾ ಬಾಗಿಲಿಗೆ ಬಂದು ನಿಂತಿದ್ದಳು. ಯಶೋದಾ ಮಲ್ಲ್ಯಾನ ಹೆಂಡತಿ. ಗುಂಡಪ್ಪನ ಹೆಂಡತಿ ತೀರಿದ ಮೇಲೆ ಮನೆ ನಡೆಸುತ್ತಿದ್ದವಳೂ ಅವಳೇ. ಕ್ವಾರ್ಟರ್ಸಿನ ನಲ್ಲಿಯ ಹತ್ತಿರ ಹೆಂಗಸರು ಅವಳನ್ನು 'ಗಾಡಿಗೆ ಬೆಂಕಿ ಹಚ್ಚಿದವನ ಹೆಂಡತಿ' ಎಂದೇ ಗುರುತಿಸುತ್ತಿದ್ದರು.

"ಭಾವಾ, ಅವರ ಹೆಸರಿನ ಮ್ಯಾಗಿನ ಮಸಿ ತೊಳದ ಬರ್‍ರಿ. ಇಲ್ಲಂದ್ರ ಬರಬ್ಯಾಡ್ರಿ" ಎಂದಿದ್ದಳು.

ಅಷ್ಟು ಕಾಲ ಶೆಡ್ಡಿನ ಹಿಂದಿನ ಸಾಲಿನಲ್ಲಿ ತುಕ್ಕು ಹಿಡಿಯುತ್ತ ನಿಂತಿದ್ದ ಸುಟ್ಟ ಎಂಜಿನ್ನಿನ ಮುಂದೆ ಎಲ್ಲರೂ ಸೇರಿದರು. ಸಾಹೇಬ ಬೆತ್ತದಿಂದ ಪೆಟ್ಟಿಗೆ ತಟ್ಟಿ, "ನನ್ನ ವಿನ್ಯಾಸದಲ್ಲಿ ಕೂದಲೆಳೆಯಷ್ಟು ದೋಷವಿಲ್ಲ. ದೋಷ ಇದ್ದದ್ದು ಇದನ್ನು ಮುಟ್ಟಿದ ಕೈಗಳಲ್ಲಿ" ಎಂದ.

"ಹಂಗಾದ್ರ ಬಿಚ್ಚಸ್ರಿ ಸಾಹೇಬ್ರ" ಎಂದು ಗುಂಡಪ್ಪ ಅನಂತರಾಮನಿಗೆ ಹೇಳಿದ. "ಅವತ್ತ ಬಿಚ್ಚಾಕ ಬಿಡಲಿಲ್ಲ ಈ ಮನಷ್ಯಾ. ಇವತ್ತ ತಳಾ ಸುದ್ದಾ ಬಿಚ್ಚಸ್ರಿ. ಒಳಗಿನ ಹುಳುಕ ಎಲ್ಲಾರೂ ನೋಡ್ಲಿ."

"ಬಿಚ್ಚಿಸೋಣ ಬಿಡಿ ಗುಂಡಪ್ಪನೋರೆ. ಅದಕ್ಕೇ ತಾನೆ ಬಂದಿರೋದು" ಎಂದ ಅನಂತರಾಮ.

ಫಿಟ್ಟರ್ ಚುನಿಭಾಯಿ ಎಂಜಿನ್ನಿನ ಕೆಳಗಿನ ರಿಪೇರಿ ಹಳ್ಳಕ್ಕಿಳಿದು ಪೆಟ್ಟಿಗೆಯ ತಳ ಬಿಚ್ಚಿದ. ಪಂಪಿಗೆ ಎಣ್ಣೆ ಸೋಸಿ ಬಿಡುವ ಜಾಲರಿ ಕೈಗೆ ಬಂತು. ಪಂಪು ಒಡೆದಿರುತ್ತದೆ, ಇಲ್ಲವೆ ಕೊಳವೆ ಸೀಳಿರುತ್ತದೆ ಎಂದು ಗುಂಡಪ್ಪ ಕುತ್ತಿಗೆ ಚಾಚಿದ. ಪಂಪು ಚೆನ್ನಾಗಿತ್ತು. ಕೊಳವೆ ಚೆನ್ನಾಗಿತ್ತು. ಜಾಲರಿ ಮಾತ್ರ ಕರಿ ಮುದ್ದೆಯೊಂದರಿಂದ ಪೂರಾ ಕಟ್ಟಿಹೋಗಿತ್ತು. ಚುನಿಭಾಯಿ ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಬೆರಳಲ್ಲಿ ಬಿಡಿಸಿ, ಗುಂಡಪ್ಪನ ಮುಖ ನೋಡಿದ.

"ಚೋಖಾ ಛೇ" ಎಂದ. ಅಕ್ಕಿ.

ಸಾಹೇಬ ಒಂದು ಕಾಳನ್ನು ಕರ್ಚೀಫಿನಲ್ಲಿ ತಿಕ್ಕಿದ. ಕಪ್ಪಿನ ಕೆಳಗೆ ಅರಿಸಿನದ ಬಣ್ಣ ಇನ್ನೂ ಇತ್ತು. ಅವನ ಮುಖ ಹಬ್ಬದ ದೀಪದಂತೆ ಬೆಳಗಿತು. "ನನ್ನ ಎಣ್ಣೆಯಲ್ಲಿ ಅಕ್ಕಿ! ಎಣ್ಣೆ ತಲುಪದೆ ಕೀಲು ಕಾದು ಬೆಂಕಿ ಹೊತ್ತಿದೆ. ಬರೆದುಕೊಳ್ಳಿ. ಕೆಲಸಗಾರರು ತಮ್ಮ ಮೂಢ ಪೂಜೆಯಿಂದ ಎಂಜಿನ್ ಹಾಳು ಮಾಡಿದರು. ಸತ್ತವನೂ ಕೆಲಸಗಾರನೇ. ಅಲ್ಲಿಗೆ ಹತ್ತು ವರ್ಷದ ಹಿಂದೆ ನಾನು ಬರೆದದ್ದೇ ಸರಿ."

ಅರಿಸಿನದ ಆ ಕಾಳು ಎಲ್ಲಿಯದೆಂದು ಗುಂಡಪ್ಪನಿಗೆ ಗೊತ್ತಾಯಿತು. ದಸರೆಯ ಖಂಡೇನವಮಿಗೆ, ಆಯುಧಪೂಜೆಯ ದಿನ, ಶೆಡ್ಡಿನ ಹುಬ್ಬಳ್ಳಿಯವರೆಲ್ಲ ಸೇರಿ ಎಂಜಿನ್ನಿಗೆ ಪೂಜೆ ಮಾಡುತ್ತಿದ್ದರು. ಎಲ್ಲ ಡಬ್ಬಾವಾಳಿಗಳಲ್ಲಿ ಮಲ್ಲ್ಯಾನ ಎಂಜಿನ್ನೇ ಕನ್ನಡಿಯಂತೆ ಹೊಳೆಯುತ್ತಿದ್ದುದರಿಂದ ಪೂಜೆ ಅದಕ್ಕೇ. ಮೊದಲ ವರ್ಷ ಮುಚ್ಚಳದ ಮೇಲೆ ಕುಂಕುಮ ಹಚ್ಚಹೊರಟವರನ್ನು ಗುಂಡಪ್ಪನೇ ತಡೆದಿದ್ದ. "ಪೂಜಾ ದೇವರಿಗೆ ಮಾಡ್ತಾರೋ, ಗುಡಿ ಬೀಗಕ್ಕ ಮಾಡ್ತಾರೋ?" ಎಂದು ಹಂಗಿಸಿ ಮುಚ್ಚಳ ತೆಗೆಸಿದ್ದ. ಅಂದಿನಿಂದ ಅದೇ ಪದ್ಧತಿಯಾಯಿತು. ತೆರೆದ ಪೆಟ್ಟಿಗೆಯ ಮುಂದೆ ಆರತಿ. ಮಂತ್ರ ಮುಗಿದ ಕೂಡಲೇ ಎಲ್ಲರ ಮುಷ್ಟಿಯಿಂದಲೂ ಅಕ್ಷತೆ, ಹೊಳೆಯುವ ಆ ಕೀಲುಗಳ ಮೇಲೆ. ಕೆಳಗೆ ಎಣ್ಣೆ ಇದೆ, ಎಣ್ಣೆಯ ತಳದಲ್ಲಿ ಜಾಲರಿ ಇದೆ ಎಂದು ಒಬ್ಬನ ತಲೆಗೂ ಹೊಳೆದಿರಲಿಲ್ಲ. ಆಶೀರ್ವಾದಕ್ಕೆ ಹಾಕುವ ಕಾಳು ಕೊಲ್ಲುತ್ತದೆಂದು ಯಾರು ಎಣಿಸುತ್ತಾರೆ?

ಸುಮ್ಮನಿದ್ದರೆ 'ಕೆಲಸಗಾರರು' ಎಂದು ಬರೆದುಕೊಂಡು ಹೋಗುತ್ತಾರೆ. ಗುಂಡಪ್ಪನ ಹೆಸರು ಎಲ್ಲೂ ಬರುವುದಿಲ್ಲ. ಮಲ್ಲ್ಯಾನ ಮೇಲಿನ ಮಸಿ ಮಾತ್ರ ಇನ್ನಷ್ಟು ಗಟ್ಟಿಯಾಗುತ್ತದೆ. ಬಾಯಿ ಬಿಟ್ಟರೆ ಕುತ್ತು ತನ್ನ ಕೊರಳಿಗೇ. ಅವನಿಗೆ ಭಯವಾಯಿತು, ನಿಜವಾಗಿ ಭಯವಾಯಿತು. ಆಮೇಲೆ ಸಾಹೇಬನ ನಗುಮುಖ ನೋಡಿದ. ಭಯವನ್ನು ಸಿಟ್ಟು ನುಂಗಿತು.

"ಬರ್ಕೋರಿ ಸಾಹೇಬ್ರ" ಎಂದ, ಗಟ್ಟಿಯಾಗಿ. "ಮುಚ್ಚಳಾ ತಗಸ್ದಾಂವ ನಾನು. ಗುಂಡಪ್ಪ, ಫೋರ್‌ಮನ್. ಹೆಸರು ಹಚ್ಚಿ ಬರೀರಿ. ಆದ್ರ ಮೊದಲನೇ ಮುಷ್ಟಿ ಅಕ್ಷತಿ ಯಾರ ಹಾಕಿದ್ದು, ಇವರನ್ನ ಕೇಳ್ರಿ. 'ಈ ಎಂಜಿನ್ ಹಡದಾವ್ರು ನೀವು, ಮೊದಲ ನೀವ ಹಾಕ್ರಿ' ಅಂತ ವರ್ಷಾ ವರ್ಷಾ ಇವರ ಕೈಯಾಗ ಕೊಡತಿದ್ದೆ. ಕೊಳ್ಳಾಗ ಹಾರ ಹಾಕ್ಕೊಂಡು, ನಕ್ಕೋತ, ತುಂಬಿದ ಮುಷ್ಟಿ ಒಗೀತಿದ್ರು. ಮುಚ್ಚಿಡಬೇಕಾದ ಪೆಟಗಿ ತೆರದದ್ದು ಇವರ ಕಣ್ಣಿಗೆ ಕಾಣತಿರಲಿಲ್ಲೇನು? ನಾವು ದಡ್ಡರು. ಇವರು ಕಟ್ಟಿದಾವ್ರು!"

ಅನಂತರಾಮ ಅದನ್ನೆಲ್ಲ ಸಾಹೇಬನಿಗೆ ಇಂಗ್ಲಿಷಿನಲ್ಲಿ ಹೇಳಿದ. ಸಾಹೇಬನ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. "ಅಂಥದ್ದೇನೂ ನನಗೆ ನೆನಪಿಲ್ಲ" ಎಂದ.

"ಜಿಲೇಬಿ ನೆನಪದ, ಅಕ್ಷತಿ ನೆನಪಿಲ್ಲ?"

ಇದನ್ನು ಅನಂತರಾಮ ಅನುವಾದಿಸಲಿಲ್ಲ. ಬೆಳಿಗ್ಗೆ ಗೇಟಿನಲ್ಲಿ ಸಾಹೇಬ ಆಡಿದ ಮಾತು ಅವನ ಕಿವಿಯಲ್ಲೂ ಇತ್ತು. "ಮತ್ತೆ ನಿಮ್ಮ ತಮ್ಮ?" ಎಂದು ಕೇಳಿದ. "ಅವರೂ ಹಾಕಿದ್ರಾ?"

"ಅಂವ ಎಂಜಿನ್ ಮ್ಯಾಲಿರತಿದ್ದ. ಮಂಗಳಾರತಿಗೆ ಸೀಟಿ ಹೊಡೀಬೇಕು, ಉಗಿ ಕಾಯಬೇಕು. ಫೈರ್‌ಮನ್ ಹೆಂಗ ಕೆಳಗ ಇಳೀತಾನ? 'ಅಣ್ಣಾ, ಈ ವರ್ಷಾನೂ ನನಗ ಅಕ್ಷತಿ ಹಾಕಾಕ ಸಿಗಲಿಲ್ಲ' ಅಂತ ಪ್ರತಿ ಸಲಾ ಮಾರಿ ಸಣ್ಣ ಮಾಡತಿದ್ದ." ಗುಂಡಪ್ಪ ಜಾಲರಿಯ ಕಡೆ ಬೆರಳು ತೋರಿಸಿದ. "ಒಂದ ಕಾಳೂ ಹಾಕಲಾರದಾಂವ ಅಂದ್ರ ಅಂವ ಒಬ್ಬನ."

ಹೌದು ಎಂದು ಚುನಿಭಾಯಿ ಹಳ್ಳದೊಳಗಿನಿಂದಲೇ ತಲೆಯಾಡಿಸಿದ. ಸಾಹೇಬ ಬೆತ್ತ ಊರಿಕೊಂಡು ಗೇಟಿನ ಕಡೆ ನಡೆದ. ಯಾರೂ ಅವನ ಹಿಂದೆ ಹೋಗಲಿಲ್ಲ, ಟಾಂಗಾವನ್ನೂ ಕರೆಯಲಿಲ್ಲ. ಫೈರ್‌ಮನ್ ನಿರ್ದೋಷಿ ಎಂದು ಅನಂತರಾಮ ಅಲ್ಲೇ ಬರೆದು ಎಲ್ಲರೆದುರು ಓದಿದ. ಗುಂಡಪ್ಪನ ಮೇಲೆ ಏನು ಕ್ರಮವೆಂದು ಅಹಮದಾಬಾದಿನಿಂದ ತಿಳಿಯುತ್ತದೆ ಎಂದ.

ಸಂಜೆ ಯಶೋದಾ ತಾಟು ಹಾಕಿ, ರೊಟ್ಟಿ ಬಡಿಸಿ, ಎದುರಿಗೆ ಕೂತಳು. ಮಲ್ಲ್ಯಾನ ತಪ್ಪಿಲ್ಲವೆಂದು ಬರೆದರು ಎಂದು ಗುಂಡಪ್ಪ ಹೇಳಿದ. ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಇಷ್ಟು ವರ್ಷ ದೀಪ ಹಚ್ಚುವಾಗೆಲ್ಲ ಶಪಿಸುತ್ತಿದ್ದ ದನಿಯಲ್ಲೇ ಕೇಳಿದಳು:

"ಹಂಗಾದ್ರ ಅವರನ್ನ ಕೊಂದದ್ದು ಆ ಬಿಳಿ ಹೆಣಾನ ಹೌದಲ್ಲರೀ?"

ಹೌದು ಎನ್ನಬಹುದಿತ್ತು. ಅರ್ಧ ನಿಜವೂ ಆಗುತ್ತಿತ್ತು.

"ಅಂವ. ಮತ್ತ ನಾನು" ಎಂದ ಗುಂಡಪ್ಪ. ಮುಚ್ಚಳದಿಂದ ಹಿಡಿದು ಅಕ್ಷತೆಯವರೆಗೆ ಎಲ್ಲ ಹೇಳಿದ.

ಯಶೋದಾ ಕೊನೆಯವರೆಗೂ ಕೇಳಿದಳು. ಬಗ್ಗಿ, ಅವನ ಮುಂದಿನ ತಾಟು ಎತ್ತಿಕೊಂಡು ಒಳಗೆ ಹೋಗಿ ಅಡಿಗೆಮನೆಯ ಬಾಗಿಲು ಹಾಕಿಕೊಂಡಳು.